ಅಪ್ಪನ ಜೋಡುನಳಿಗೆ ಕೋವಿಯನ್ನು ನನ್ನ ಅಳತೆಗೆ ತಂದದ್ದು

ಸಕಲೇಶಪುರದ ಕಡೆಯ ನಮ್ಮ ಕಾಫಿ ತೋಟದ ಮನೆಗೆ ನೆರೆಯೆಂದರೆ ಹಿಂದಿನ ಕೂಲಿ ಲೈನ್, ಅಂದರೆ ತೋಟದ ಕೆಲಸಗಾರರ ಸಾಲುಮನೆಗಳು ಮಾತ್ರ. ಅದನ್ನು ಬಿಟ್ಟರೆ ಹಳ್ಳ ದಾಟಿ ಅರ್ಧ ಗುಡ್ಡ ಹತ್ತುವವರೆಗೆ ಮತ್ತೊಂದು ಮನೆಯಿಲ್ಲ. ತೋಟದ ಜವಾಬ್ದಾರಿ ನನ್ನ ಕೈಗೆ ಬಂದಾಗ, ಮನೆಯ ರಕ್ಷಣೆಗೆ ಯಾವ ಕೋವಿ ಇಟ್ಟುಕೊಳ್ಳುವುದು ಎಂಬುದನ್ನೂ ನಾನೇ ತೀರ್ಮಾನಿಸಬೇಕಾಯಿತು. ನಮ್ಮ ಕಡೆಯ ಮನೆಗಳಲ್ಲಿ ಈ ಪ್ರಶ್ನೆಯನ್ನು ಸಾಮಾನ್ಯವಾಗಿ ಗಂಡಸರೇ ಜಗಲಿಯಲ್ಲಿ ಕುಳಿತು ಚರ್ಚಿಸುತ್ತಾರೆ, ಆ ಚರ್ಚೆಯಲ್ಲಿ ಯಾವ ಕೋವಿ ಎಷ್ಟು ಜೋರು ಎಂಬುದೇ ಮುಖ್ಯವಾಗುತ್ತದೆ. ನನಗೆ ಬೇಕಾಗಿದ್ದದ್ದು ಜೋರಿನ ಕೋವಿಯಲ್ಲ; ನನ್ನ ಎತ್ತರದ, ನನ್ನ ಭುಜದ ಹೆಂಗಸೊಬ್ಬಳು ಕತ್ತಲಲ್ಲಿ ತಡವರಿಸದೆ ಹಿಡಿಯಬಹುದಾದ, ಲೈನಿನಲ್ಲಿ ಮಲಗಿರುವ ಮಕ್ಕಳಿಗೆ ಅಪಾಯ ತರದ ಕೋವಿ.

ಸಾಮಾನ್ಯ ನಾಗರಿಕರಿಗೆ ಸಿಗುವ ಆಯ್ಕೆಗಳು ನಮ್ಮ ದೇಶದಲ್ಲಿ ಹೆಚ್ಚಿಲ್ಲ. ಕಾನ್ಪುರದ ಸರ್ಕಾರಿ ಕಾರ್ಖಾನೆಯ .32 ರಿವಾಲ್ವರ್, ಇಶಾಪುರದ .315 ರೈಫಲ್, ಮುಂಭಾಗದ ಹಿಡಿಯನ್ನು ಎಳೆದು ತಳ್ಳಿ ಕಾಟ್ರಿಜ್ ಏರಿಸುವ ತಿರುಚಿರಾಪಳ್ಳಿಯ 12 ಬೋರಿನ ಪಂಪ್ ಆಕ್ಷನ್ ಕೋವಿ, ಜಮ್ಮು ಮತ್ತು ಬಿಹಾರದ ಮುಂಗೇರಿನ ಖಾಸಗಿ ಕಾರ್ಖಾನೆಗಳ ಒಂಟಿನಳಿಗೆ, ಜೋಡುನಳಿಗೆ ಕೋವಿಗಳು, ಇಲ್ಲವೇ ಹಿರಿಯರಿಂದ ಬಂದ ಹಳೆಯ ವಿಲಾಯಿತಿ ಕೋವಿ. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ನಂತರ ಒಬ್ಬರು ಎರಡಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲವಾದ್ದರಿಂದ ಒಂದನ್ನೇ ಸರಿಯಾಗಿ ಆರಿಸುವುದು ಮೇಲೆನಿಸಿತು. ರೈಫಲನ್ನು ಮೊದಲೇ ಬಿಟ್ಟೆ, ಏಕೆಂದರೆ ಅದರ ಒಂಟಿ ಗುಂಡು ಕಿಟಕಿ ದಾಟಿದರೆ ಎಲ್ಲಿ ನಿಲ್ಲುತ್ತದೆಂದು ಹೇಳುವವರಿಲ್ಲ. ರಿವಾಲ್ವರ್ ಅಲಮಾರಿಯಲ್ಲಿ ಇಡಲು ಅನುಕೂಲ, ಆದರೆ ಗಿಡ್ಡ ನಳಿಗೆಯ ಆಯುಧದಲ್ಲಿ ಗುರಿ ಉಳಿಸಿಕೊಳ್ಳಲು ಸತತ ಅಭ್ಯಾಸ ಬೇಕು, ತೋಟದ ಕೆಲಸದ ನಡುವೆ ಅಷ್ಟು ಸಲ ಗುರಿ ಅಭ್ಯಾಸದ ರೇಂಜಿಗೆ ಹೋಗುವುದು ನನ್ನಿಂದಾಗದು. ಪಂಪ್ ಆಕ್ಷನ್ ಒಳ್ಳೆಯ ಕೋವಿಯೇ. ಪರಿಚಿತರೊಬ್ಬರದನ್ನು ಅವರೆದುರಿಗೇ ರೇಂಜಿನಲ್ಲಿ ಹಾರಿಸಿ ನೋಡಿದೆ. ಮುಂಗೈಯಿಂದ ಪೂರ್ತಿ ಹಿಂದಕ್ಕೆಳೆದು ಪೂರ್ತಿ ಮುಂದೂಡದಿದ್ದರೆ ಕಾಟ್ರಿಜ್ ನಡುವೆಯೇ ಸಿಕ್ಕಿಕೊಳ್ಳುತ್ತದೆ, ಹೆದರಿದ ಕೈಗೆ ಆ ಪೂರ್ತಿ ಎಳೆತ ಬರುವುದೆಂಬ ನಂಬಿಕೆ ನನಗಿರಲಿಲ್ಲ. ಜೋಡುನಳಿಗೆಗೆ ಎರಡೇ ಈಡು. ಆದರೆ ಮಡಚಿ ತೆರೆದ ತಕ್ಷಣ ತುಂಬಿದೆಯೋ ಖಾಲಿಯೋ ಎಂದು ಕಣ್ಣಿಗೇ ಕಾಣುತ್ತದೆ, ಕತ್ತಲಲ್ಲಿ ಬೆರಳಿಗೆ ತಿಳಿಯುತ್ತದೆ. ಮಕ್ಕಳು ರಜೆಗೆ ಬಂದು ಹೋಗುವ ಮನೆಯಲ್ಲಿ ಈ ಒಂದು ಗುಣ ಉಳಿದೆಲ್ಲವನ್ನೂ ಮೀರಿಸಿತು.

ಜೋಡುನಳಿಗೆ ಮನೆಯಲ್ಲೇ ಇತ್ತು. ಅಪ್ಪನಿಗೆ ಎಪ್ಪತ್ತು ದಾಟಿತ್ತು. ಪರವಾನಗಿದಾರರಿಗೆ 70 ವರ್ಷ ತುಂಬಿದರೆ ಅಥವಾ ಕೋವಿ ಅವರ ಬಳಿ 25 ವರ್ಷ ಇದ್ದರೆ, ಅವರು ಬದುಕಿರುವಾಗಲೇ ವಾರಸುದಾರರ ಹೆಸರಿಗೆ ಪರವಾನಗಿ ಕೇಳಲು 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಅವಕಾಶವಿದೆ. ಅರ್ಜಿ, ತರಬೇತಿಯ ಪ್ರಮಾಣಪತ್ರ, ವೈದ್ಯಕೀಯ ಪ್ರಮಾಣಪತ್ರ, ಪೊಲೀಸ್ ವರದಿ, ಜಿಲ್ಲಾಧಿಕಾರಿಗಳ ಕಚೇರಿ ಎಂಬ ಮಾಮೂಲಿ ದಾರಿಯದು, ತಾಳ್ಮೆಯೊಂದಿದ್ದರೆ ಸಾಕು. ನಮ್ಮ ನೆರೆಯ ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯದ ಭೂ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ ಇರುವುದರಿಂದ ಅಲ್ಲಿಯ ನೆಂಟರು ನನ್ನ ಕಡತ ನೋಡಿ ನಕ್ಕದ್ದುಂಟು.

ಕೋವಿ ಅಪ್ಪನದೆಂಬ ಕಾರಣಕ್ಕೆ ಅದನ್ನು ಕಣ್ಣುಮುಚ್ಚಿ ಒಪ್ಪಿಕೊಳ್ಳುವುದು ಸರಿಯಲ್ಲವೆಂದು ಪರವಾನಗಿಯುಳ್ಳ ಕೋವಿ ರಿಪೇರಿಯವರ ಬಳಿ ಒಯ್ದೆ. ಅವರು ನಳಿಗೆಗಳನ್ನು ಬಿಚ್ಚಿ, ಕೊಂಡಿಯಿಂದ ತೂಗುಹಾಕಿ ಬೆರಳಿನಿಂದ ತಟ್ಟಿದಾಗ ಅವು ದೇವರಮನೆಯ ಗಂಟೆಯಂತೆ ಉಲಿದವು. ಎರಡು ನಳಿಗೆಗಳ ನಡುವಿನ ಪಟ್ಟಿಯ ಬೆಸುಗೆ ಬಿಟ್ಟಿದ್ದರೆ ಸದ್ದು ಒಡಕಾಗುತ್ತದಂತೆ. ಮುಂಭಾಗದ ಮರ ತೆಗೆದು, ಮುಚ್ಚಿದ ಕೋವಿಯನ್ನು ಅಲುಗಾಡಿಸಿ ಕೀಲಿನ ಸಡಿಲ ನೋಡಿದರು. ಬಹಳ ಮುಖ್ಯವಾದದ್ದು ನಳಿಗೆಯ ಅಡಿಯಲ್ಲಿ ಮೊಹರಿನೊಂದಿಗೆ ಒತ್ತಿದ್ದ ಎರಡೂವರೆ ಇಂಚಿನ ಗುರುತು. ಕಾಟ್ರಿಜ್ ಕೂರುವ ಕೋಣೆ 65 ಮಿ.ಮೀ. ಉದ್ದದ್ದೆಂದು ಅದರ ಅರ್ಥ. ಇಂದು ಅಂಗಡಿಯವರು ಕೇಳದೆಯೇ ಕೈಗಿಡುವುದು 70 ಮಿ.ಮೀ. ಕಾಟ್ರಿಜ್. ಈ ಅಳತೆ ಹಾರಿದ ನಂತರ ಬಿಚ್ಚಿಕೊಂಡ ಕೊಳವೆಯ ಉದ್ದವಾದ್ದರಿಂದ, ಬಾಯಿ ಮಡಚಿದ ಹೊಸ ಕಾಟ್ರಿಜ್ ಚಿಕ್ಕ ಕೋಣೆಯೊಳಗೂ ಸಲೀಸಾಗಿ ಕೂರುತ್ತದೆ, ಕೋವಿಯೂ ಮುಚ್ಚುತ್ತದೆ. ಹಾರುವಾಗ ಮಡಿಕೆ ಬಿಚ್ಚಿಕೊಳ್ಳಲು ಜಾಗವಿಲ್ಲದೆ ಒತ್ತಡ ಏರುತ್ತದೆ. ಕೂರುತ್ತದೆ ಎಂಬುದೇ ಸರಿಯೆಂಬುದಕ್ಕೆ ಸಾಕ್ಷಿಯಲ್ಲ. ಅಜ್ಜನ ಕಾಲದ ಕೋವಿ ಇರುವ ಪ್ರತಿಯೊಬ್ಬರೂ ಇದನ್ನು ಅಳೆಸಿಕೊಳ್ಳಬೇಕೆಂದು ನಾನು ಒತ್ತಿ ಹೇಳುತ್ತೇನೆ. ನಾನು 65 ಮಿ.ಮೀ. ಕಾಟ್ರಿಜ್ಜನ್ನೇ ಕೇಳಿ ತರಿಸಿಕೊಳ್ಳುತ್ತೇನೆ.

ಮಾರ್ಪಾಡಿನ ಮಾತಿಗೆ ಬಂದರೆ, ಮನೆಯೊಳಗೆ ತಿರುಗಿಸಲು ಸುಲಭವಾಗಲೆಂದು ನಳಿಗೆ ಕತ್ತರಿಸುವ ಸಲಹೆ ಕೊಟ್ಟವರಿದ್ದರು. ಶಸ್ತ್ರಾಸ್ತ್ರ ಕಾಯ್ದೆಯ 6ನೆಯ ಕಲಮಿನ ಪ್ರಕಾರ ಅದಕ್ಕೆಂದೇ ಪರವಾನಗಿಯಿಲ್ಲದೆ ನಳಿಗೆ ಗಿಡ್ಡಮಾಡುವುದು ಅಪರಾಧ. ಆ ವಿಚಾರ ಅಲ್ಲಿಗೇ ಮುಗಿಯಿತು. ನನಗೆ ನಿಜವಾಗಿ ತೊಂದರೆಯಾಗಿದ್ದದ್ದು ನಳಿಗೆಯಿಂದಲ್ಲ, ಭುಜಕ್ಕೆ ಆನುವ ಮರದಿಂದ. ಅಪ್ಪ ಆರಡಿ ಆಳು. ಮುಂದಿನ ಟ್ರಿಗರಿನಿಂದ ಮರದ ತುದಿಯವರೆಗೆ ಹದಿನಾಲ್ಕೂವರೆ ಇಂಚು ಇತ್ತು. ನಾನು ಎತ್ತಿದರೆ ಅದು ಕಂಕುಳಿಗೆ ಸಿಕ್ಕಿಕೊಳ್ಳುತ್ತಿತ್ತು, ಅದನ್ನು ತಪ್ಪಿಸಲು ಹಿಂದಕ್ಕೆ ವಾಲಿ ನಿಂತರೆ ಒದೆತ ಕೆನ್ನೆಗೆ ಬೀಳುತ್ತಿತ್ತು. ಮರ ಕತ್ತರಿಸಿ, ಮುಕ್ಕಾಲು ಇಂಚಿನ ರಬ್ಬರ್ ಪ್ಯಾಡ್ ಹಾಕಿಸಿ, ಒಟ್ಟು ಉದ್ದವನ್ನು ಹದಿಮೂರೂಕಾಲಿಗೆ ಇಳಿಸಿದೆವು. ಕತ್ತರಿಸಿದ ತುಂಡನ್ನು ಎಸೆಯಬಾರದು; ಮುಂದೆ ಉದ್ದ ತೋಳಿನವರ ಕೈಗೆ ಹೋದರೆ ಅದೇ ಮರ, ಅದೇ ಬಣ್ಣ ಬೇಕಾಗುತ್ತದೆ. ಅಳತೆ ಸರಿಯಾಯಿತೋ ಎಂದು ತಿಳಿಯುವ ಉಪಾಯ ಸರಳ: ಖಾಲಿ ಕೋವಿಯನ್ನು ಎರಡು ಸಲ ತೆರೆದು ನೋಡಿ, ಕಣ್ಣುಮುಚ್ಚಿ ಭುಜಕ್ಕೇರಿಸಿ, ಕಣ್ಣು ತೆರೆದಾಗ ತಲೆ ಅಲುಗಿಸದೆಯೇ ನಳಿಗೆಯ ಮೇಲಿನ ಪಟ್ಟಿ ನೇರವಾಗಿ ಮೂತಿಯ ತುದಿಯ ಗುರಿಮಣಿಗೆ ಸೇರಬೇಕು. ಮರ ಹಗುರಾದದ್ದರಿಂದ ಮೂತಿ ಸ್ವಲ್ಪ ಭಾರವೆನಿಸಿತು, ಅದಕ್ಕೆ ಕೈ ಬೇಗ ಒಗ್ಗಿಕೊಂಡಿತು.

ಚರೆಯ, ಅಂದರೆ ಕಾಟ್ರಿಜ್ಜಿನೊಳಗಿನ ಗುಂಡುಗಳ, ಆಯ್ಕೆಯಲ್ಲಿ ನಾನು ಹೆಚ್ಚು ಹೊತ್ತು ನಿಂತೆ. ಮನೆ ಕಾಯಲು ಎಲ್.ಜಿ. ಅಥವಾ ಎಸ್.ಜಿ. ಎಂಬ ದಪ್ಪ ಚರೆಯೇ ಬೇಕೆಂಬುದು ಜಗಲಿಯ ತೀರ್ಪು. ಎಸ್.ಜಿ. ಚರೆ ಔನ್ಸಿಗೆ ಎಂಟೇ ತೂಗುತ್ತದೆ. ಒಂದೊಂದೂ ಬಾಗಿಲಿನ ಹಲಗೆ ತೂರಿ ಆಚೆ ಹೋಗಬಲ್ಲದು. ನಮ್ಮ ಮನೆಯ ಹೊರಗೋಡೆ ದಪ್ಪದ ಕಲ್ಲಿನದಾದರೂ ಒಳಗಿನ ತಡಿಕೆಗಳು ಮರದವು, ಹಿಂದಿನ ಕಿಟಕಿ ಲೈನಿಗೇ ಮುಖ ಮಾಡಿದೆ. ಆದ್ದರಿಂದ ಔನ್ಸಿಗೆ ಎಪ್ಪತ್ತು ತೂಗುವ ಬಿ.ಬಿ. ಚರೆಯನ್ನು ಆರಿಸಿದೆ. ಕೋಣೆಯ ದೂರದಲ್ಲಿ ಚರೆಗಳೆಲ್ಲ ಒಟ್ಟಾಗಿಯೇ ಹೋಗುತ್ತವೆ, ಗೋಡೆ ಹಲಗೆ ದಾಟಿದ ಮೇಲೆ ಸಣ್ಣ ಚರೆ ಬೇಗ ಸೋಲುತ್ತದೆ. ಕೋವಿ ಹಾರಿಸಿದರೆ ಚರೆ ಕೋಣೆ ತುಂಬ ಹರಡುತ್ತದೆ, ಗುರಿಯೇ ಬೇಡ ಎನ್ನುವವರು ಒಮ್ಮೆ ರೇಂಜಿನಲ್ಲಿ ರಟ್ಟಿನ ಮೇಲೆ ಹೊಡೆದು ನೋಡಬೇಕು. ಏಳೆಂಟು ಹೆಜ್ಜೆಯಲ್ಲಿ ನನ್ನ ಬಲ ನಳಿಗೆ ಬಿಟ್ಟ ಗುರುತು ಬಿಡಿಸಿದ ಅಂಗೈಗಿಂತ ಹೆಚ್ಚು ಅಗಲವಿರಲಿಲ್ಲ. ಮೂತಿ ಹೆಚ್ಚು ಬಿಗಿಯಾಗಿರುವ ಎಡ ನಳಿಗೆಯದು ಮುಷ್ಟಿಯಷ್ಟೇ. ಬಲ ನಳಿಗೆಗೆ ಮುಂದಿನ ಟ್ರಿಗರ್, ಎಡಕ್ಕೆ ಹಿಂದಿನದು ಎಂಬುದು ಬೆರಳಿಗೇ ನೆನಪಿರುವಂತೆ ಹುಸಿ ಕಾಟ್ರಿಜ್ ಹಾಕಿ ಅಭ್ಯಾಸ ಮಾಡಿದೆ. ಈ ಕೋವಿಯಲ್ಲಿ ತೆರೆದಾಗಲೆಲ್ಲ ಟ್ರಿಗರ್ ತಡೆಯುವ ಸೇಫ್ಟಿ ತಾನಾಗಿ ಬೀಳುತ್ತದೆ, ಅದನ್ನು ಹೆಬ್ಬೆರಳಿನಿಂದ ಸರಿಸುವುದೂ ಆ ಅಭ್ಯಾಸದೊಳಗೇ ಸೇರಬೇಕು.

ನಳಿಗೆಗೆ ಟಾರ್ಚ್ ಕಟ್ಟುವುದನ್ನು ಯೋಚಿಸಿ ಬಿಟ್ಟೆ. ಟಾರ್ಚ್ ಕಟ್ಟಿದ ಕೋವಿಯೆಂದರೆ ನಮ್ಮ ಕಡೆ ರಾತ್ರಿ ಷಿಕಾರಿಯ ಕೋವಿಯೆಂದೇ ಲೆಕ್ಕ, ಅರಣ್ಯ ಇಲಾಖೆಯವರಿಗೆ ಉತ್ತರ ಹೇಳುತ್ತ ಕೂರುವ ಆಸೆ ನನಗಿಲ್ಲ. ಅದಕ್ಕಿಂತ ದೊಡ್ಡ ಕಾರಣವೆಂದರೆ, ಏನನ್ನು ನೋಡಬೇಕಾದರೂ ಅದರ ಕಡೆಗೆ ಕೋವಿಯನ್ನೇ ತಿರುಗಿಸಬೇಕಾಗುತ್ತದೆ; ನಡುರಾತ್ರಿ ಹಿತ್ತಿಲಿನಲ್ಲಿ ಓಡಾಡುವವರು ತೋಟದ ಲೆಕ್ಕ ನೋಡುವ ನಮ್ಮ ರೈಟರೋ, ಮಗುವಿಗೆ ಜ್ವರವೆಂದು ಬಂದ ಲೈನಿನವರೋ ಆಗಿರಬಹುದು. ಆ ಹಣದಲ್ಲಿ ಅಂಗಳ, ಕಾಫಿ ಕಣ ಮತ್ತು ಹಿತ್ತಿಲಿಗೆ ದೀಪ ಹಾಕಿಸಿ, ಸ್ವಿಚ್ಚುಗಳನ್ನು ಮಲಗುವ ಕೋಣೆಗೆ ತಂದು, ಕರೆಂಟು ಹೋದಾಗಲೂ ಉರಿಯುವಂತೆ ಇನ್ವರ್ಟರಿಗೆ ಜೋಡಿಸಿದೆ. ಹೊರಗೆ ಬೆಳಕು, ಒಳಗೆ ಕತ್ತಲು ಇದ್ದಾಗ ನೋಡುವವರು ನಾವಾಗುತ್ತೇವೆ.

ಇಡುವ ಬಗೆ ಬಗ್ಗೆ ಎರಡು ಮಾತು. ಗೋಡೆಗೆ ಬೋಲ್ಟ್ ಹಾಕಿದ ಉಕ್ಕಿನ ಕಪಾಟಿನಲ್ಲಿ ಕೋವಿ, ಬೇರೆ ಬೀಗದಲ್ಲಿ ಕಾಟ್ರಿಜ್, ಎರಡರ ಬೀಗದ ಕೈಯೂ ನನ್ನ ಬಳಿಯೇ. ಪರವಾನಗಿ ನನ್ನ ಹೆಸರಿನಲ್ಲಿದೆಯೇ ಹೊರತು ಮನೆಯ ಹೆಸರಿನಲ್ಲಲ್ಲ. ಮಳೆಗಾಲದಲ್ಲಿ ಚರ್ಮದ ಚೀಲದೊಳಗೆ ಇಟ್ಟರೆ ಚೀಲವೇ ತೇವ ಹಿಡಿದು ನಳಿಗೆಗೆ ತುಕ್ಕು ಅಂಟಿಸುತ್ತದೆ. ಬರಿದಾಗಿಯೇ ನಿಲ್ಲಿಸಿ, ವಾರಕ್ಕೊಮ್ಮೆ ತೆಳುವಾಗಿ ಎಣ್ಣೆ ಒರೆಸುತ್ತೇನೆ. ಎಣ್ಣೆ ಸುರಿಯುವುದೂ ಕೆಟ್ಟದ್ದೇ, ಏಕೆಂದರೆ ಒಳಗಿಳಿದ ಎಣ್ಣೆ ಅಂಟಾಗಿ, ಕಾಟ್ರಿಜ್ಜಿನ ಬುಡಕ್ಕೆ ಬಡಿಯುವ ಮುಳ್ಳಿನ ಪೆಟ್ಟನ್ನು ಮಂದಮಾಡುತ್ತದೆ. ಹಿತ್ತಾಳೆಯ ಬುಡ ಹಸಿರುಗಟ್ಟಿದ ಕಾಟ್ರಿಜ್ಜನ್ನು ಮನೆ ಕಾಯುವ ಲೆಕ್ಕದಿಂದ ತೆಗೆದುಬಿಡುತ್ತೇನೆ.

ಯಾವಾಗ ಹಾರಿಸಬಾರದು ಎಂಬುದನ್ನು ತೀರ್ಮಾನಿಸದೆ ಕೋವಿಯ ಆಯ್ಕೆ ಮುಗಿಯುವುದಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಆತ್ಮರಕ್ಷಣೆಯ ಹಕ್ಕನ್ನು ಹೇಳುತ್ತವೆ. ದರೋಡೆ, ಸೂರ್ಯಾಸ್ತದಿಂದ ಸೂರ್ಯೋದಯದೊಳಗೆ ಮನೆ ಒಡೆದು ನುಗ್ಗುವುದು, ವಾಸದ ಮನೆಗೆ ಬೆಂಕಿಯಿಡುವುದು, ಸಾವು ಅಥವಾ ತೀವ್ರ ಗಾಯದ ಭಯ ಸಕಾರಣವಾಗಿ ಹುಟ್ಟಿಸುವ ಕಳ್ಳತನ ಅಥವಾ ಮನೆಯ ಅತಿಕ್ರಮ, ಇಂಥವುಗಳಿಗೆ ಮಾತ್ರ ಆಸ್ತಿರಕ್ಷಣೆಯ ಹಕ್ಕು ಪ್ರಾಣ ತೆಗೆಯುವಷ್ಟು ದೂರ ಚಾಚುತ್ತದೆ. ಅಲ್ಲಿಯೂ ಅಗತ್ಯಕ್ಕಿಂತ ಹೆಚ್ಚಿನ ಹಾನಿ ಮಾಡುವಂತಿಲ್ಲ, ಪೊಲೀಸರ ಮೊರೆಹೋಗಲು ಸಮಯವಿದ್ದರೆ ಹಕ್ಕೇ ಇಲ್ಲ. ಕಣದಿಂದ ಕರಿಮೆಣಸಿನ ಚೀಲ ಹೊತ್ತು ಓಡುವವನ ಬೆನ್ನಿಗೆ ಚರೆ ಹೊಡೆಯುವುದು ಇದರಲ್ಲಿ ಎಲ್ಲಿಯೂ ಬರುವುದಿಲ್ಲ. ಆದ್ದರಿಂದ ನನ್ನ ಕೋವಿಗೆ ಮಲಗುವ ಕೋಣೆಯ ಬಾಗಿಲೇ ಗಡಿ: ದೀಪ ಹಾಕುವುದು, ಕೂಗಿ ಎಚ್ಚರಿಸುವುದು, 112ಕ್ಕೆ ಕರೆ ಮಾಡುವುದು, ಬಾಗಿಲು ಭದ್ರಪಡಿಸಿ ಒಳಗೇ ನಿಲ್ಲುವುದು, ಆ ಬಾಗಿಲನ್ನೂ ಮುರಿದು ಬಂದರೆ ಮಾತ್ರ ಉಳಿದದ್ದು.

ಚುನಾವಣೆ ಘೋಷಣೆಯಾದರೆ ಕೋವಿಯನ್ನು ಠಾಣೆಗೆ ಒಪ್ಪಿಸಬೇಕಾಗಿ ಬರಬಹುದಾದ್ದರಿಂದ, ಅದು ಇಲ್ಲದ ವಾರಗಳಲ್ಲೂ ಈ ಕ್ರಮ ಹಾಗೆಯೇ ನಡೆಯುವಂತಿರಬೇಕು. ಒಪ್ಪಿಸುವ ಮುನ್ನ ನಳಿಗೆಯ ಒಳಗೂ ಹೊರಗೂ ದಪ್ಪ ಗ್ರೀಸ್ ಸವರುತ್ತೇನೆ, ರಸೀದಿಯಲ್ಲಿ ಕೋವಿಯ ಸಂಖ್ಯೆಯ ಜೊತೆಗೆ ಅದರ ಸ್ಥಿತಿಯನ್ನೂ ಬರೆಸಿಕೊಳ್ಳುತ್ತೇನೆ. ಹಿಂದಕ್ಕೆ ತಂದ ದಿನ ಗ್ರೀಸನ್ನು ಪೂರ್ತಿ ಒರೆಸಿ ತೆಗೆದು, ನಳಿಗೆಯ ಒಳಗನ್ನು ಬೆಳಕಿಗೆ ಹಿಡಿದು ನೋಡದೆ ಕಾಟ್ರಿಜ್ ಹಾಕುವುದಿಲ್ಲ.