ಬ್ರಿಟನ್ನಿನಲ್ಲಿ ಟಿವಿ ಕೊಳ್ಳುವ ಕನ್ನಡಿಗರಿಗೆ: ಲೈಸೆನ್ಸ್, ಗ್ರಾಹಕ ಕಾನೂನು ಮತ್ತು ಗೇಮಿಂಗ್ ಪೋರ್ಟುಗಳು

ಬ್ರಿಟನ್ನಿಗೆ ಬಂದು ಬಾಡಿಗೆ ಮನೆ ಹಿಡಿದ ಕೆಲವು ವಾರಗಳೊಳಗೆ ಬಾಗಿಲಿನ ಸೀಳಿನಿಂದ ಒಳಗೆ ಬೀಳುವ ಕಾಗದಗಳಲ್ಲಿ ಟಿವಿ ನೋಡಲು ಲೈಸೆನ್ಸ್ ಪಡೆಯಿರಿ ಎನ್ನುವ ಟಿವಿ ಲೈಸೆನ್ಸಿಂಗ್ ಸಂಸ್ಥೆಯ ಪತ್ರವೂ ಒಂದು. ಅದರ ಮೇಲೆ ಯಾರ ಹೆಸರೂ ಇರುವುದಿಲ್ಲ, ‘ಕಾನೂನುಬದ್ಧ ನಿವಾಸಿಗೆ’ ಎಂದಷ್ಟೇ ಇರುತ್ತದೆ. ಒಂದು ಕಾಲದಲ್ಲಿ ನಮ್ಮೂರಿನ ಅಂಚೆ ಕಚೇರಿಗಳಲ್ಲಿಯೂ ರೇಡಿಯೊ ಲೈಸೆನ್ಸಿಗೆ ಹಣ ಕಟ್ಟುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ಆದರೆ ಕೇಬಲ್ಲಿಗೋ ಡಿಟಿಎಚ್‌ಗೋ ರೀಚಾರ್ಜ್ ಮಾಡಿ ಅಭ್ಯಾಸವಾದ ಈಗಿನವರಿಗೆ ಈ ಪತ್ರ ಗಾಬರಿ ಹುಟ್ಟಿಸುತ್ತದೆ. ಹೊಸದಾಗಿ ಬಂದ ಹಲವು ಕುಟುಂಬಗಳ ಜೊತೆ ನಾನು ಟಿವಿ ಅಂಗಡಿಗೆ ಹೋಗಿದ್ದೇನೆ, ಮತ್ತು ಎಲ್ಲರೂ ಮೊದಲು ಕೇಳುವುದು ಯಾವ ಕಂಪನಿಯದು ಒಳ್ಳೆಯದು ಎಂದು. ಈ ದೇಶದಲ್ಲಿ ಆ ಪ್ರಶ್ನೆ ಮೂರನೆಯದು ಎಂಬುದು ನನ್ನ ಅನುಭವ. ಮನೆಯಲ್ಲಿ ಏನನ್ನು ನೋಡುತ್ತೀರಿ ಎಂಬುದು ಮೊದಲನೆಯದು. ಯಾರಿಂದ, ಹೇಗೆ ಹಣ ಕೊಟ್ಟು ಕೊಳ್ಳುತ್ತೀರಿ ಎಂಬುದು ಎರಡನೆಯದು.

ಲೈಸೆನ್ಸ್ ಬೇಕಾಗುವುದು ಟಿವಿಯನ್ನು ಇಟ್ಟುಕೊಳ್ಳುವುದಕ್ಕಲ್ಲ, ಅದರಲ್ಲಿ ಕೆಲವು ಬಗೆಯ ಕಾರ್ಯಕ್ರಮಗಳನ್ನು ನೋಡುವುದಕ್ಕೆ. ಯಾವುದೇ ವಾಹಿನಿಯ ಕಾರ್ಯಕ್ರಮವನ್ನು ಅದು ಪ್ರಸಾರವಾಗುತ್ತಿರುವ ಹೊತ್ತಿನಲ್ಲೇ ನೋಡುವುದಾದರೆ ಅಥವಾ ರೆಕಾರ್ಡ್ ಮಾಡಿ ಉಳಿಸಿಟ್ಟುಕೊಳ್ಳುವುದಾದರೆ ಲೈಸೆನ್ಸ್ ಕಡ್ಡಾಯ. ಬಿಬಿಸಿಯ ಆ್ಯಪ್ ಆದ ಐಪ್ಲೇಯರ್ ಬಳಸುವುದಾದರೆ ನೇರ ಪ್ರಸಾರವಲ್ಲದಿದ್ದರೂ ಕಡ್ಡಾಯ. ನಮ್ಮವರು ಎಡವುವುದು ಇಲ್ಲಿಯೇ. ಲೈಸೆನ್ಸಿನ ಹಣ ಮುಖ್ಯವಾಗಿ ಬಿಬಿಸಿಗೆ ಹೋಗುವುದರಿಂದ, ಬಿಬಿಸಿ ನೋಡದ ತಮಗೆ ಲೈಸೆನ್ಸ್ ಬೇಕಿಲ್ಲ ಎಂದು ಅನೇಕರು ನಂಬಿರುತ್ತಾರೆ. ಆದರೆ ನಿಯಮವು ವಿದೇಶಿ ವಾಹಿನಿಗಳಿಗೂ ಅನ್ವಯಿಸುತ್ತದೆ. ಆದ್ದರಿಂದ ಆ್ಯಪಿನಲ್ಲಿ ಉದಯ ವಾಹಿನಿಯನ್ನು ನೇರವಾಗಿ ನೋಡಿದರೂ, ಯೂಟ್ಯೂಬಿನಲ್ಲಿ ಕನ್ನಡ ಸುದ್ದಿ ವಾಹಿನಿಯ ನೇರ ಪ್ರಸಾರ ಹಾಕಿಕೊಂಡು ಕುಳಿತರೂ, ಭಾರತದ ಕ್ರಿಕೆಟ್ ಪಂದ್ಯವನ್ನು ಆಟ ನಡೆಯುತ್ತಿರುವಾಗಲೇ ಯಾವುದಾದರೂ ವಾಹಿನಿಯಲ್ಲಿ ನೋಡಿದರೂ ಲೈಸೆನ್ಸ್ ಬೇಕು. ಅದೇ ಧಾರಾವಾಹಿಯ ಕಂತನ್ನು ಮರುದಿನ ಬೇಕಾದ ಹೊತ್ತಿಗೆ ಆ್ಯಪಿನಲ್ಲಿ ತೆರೆದು ನೋಡಿದರೆ, ಒಟಿಟಿಯಲ್ಲಿ ಸಿನಿಮಾ ನೋಡಿದರೆ, ಗೇಮ್ ಆಡಿದರೆ ಬೇಡ.

ಶುಲ್ಕವು 2025ರ ಏಪ್ರಿಲ್ 1ರಂದು ವರ್ಷಕ್ಕೆ 174.50 ಪೌಂಡಿಗೆ ಏರಿತು. ದರ ಸಾಮಾನ್ಯವಾಗಿ ಏಪ್ರಿಲ್ ತಿಂಗಳಲ್ಲಿ ಬದಲಾಗುವುದರಿಂದ ಕಟ್ಟುವ ದಿನದ ದರವನ್ನು ನೋಡಿಕೊಳ್ಳಬೇಕು. ಒಂದು ಮನೆಗೆ ಒಂದು ಲೈಸೆನ್ಸ್ ಸಾಕು, ಮನೆಯಲ್ಲಿ ಎಷ್ಟು ಟಿವಿಗಳಿದ್ದರೂ ಸರಿ. ಮನೆಯನ್ನು ಹಂಚಿಕೊಂಡು ಇರುವವರು ಎಲ್ಲರೂ ಸೇರಿ ಒಂದೇ ಬಾಡಿಗೆ ಕರಾರಿಗೆ ಸಹಿ ಮಾಡಿದ್ದರೆ ಒಂದು ಲೈಸೆನ್ಸ್ ಸಾಕಾಗುತ್ತದೆ, ಕೋಣೆಗೊಂದು ಪ್ರತ್ಯೇಕ ಕರಾರು ಇದ್ದರೆ ಸಾಮಾನ್ಯವಾಗಿ ಪ್ರತ್ಯೇಕ ಲೈಸೆನ್ಸ್ ಬೇಕಾಗುತ್ತದೆ. ಲೈಸೆನ್ಸ್ ಇಲ್ಲದೆ ನೋಡುವುದು ಅಪರಾಧ, ಇಂಗ್ಲೆಂಡಿನಲ್ಲಿ 1,000 ಪೌಂಡಿನವರೆಗೆ ದಂಡ ವಿಧಿಸಬಹುದು. ನಿಮಗೆ ನಿಜವಾಗಿಯೂ ಅಗತ್ಯವಿಲ್ಲದಿದ್ದರೆ ಪತ್ರವನ್ನು ಕಸದ ಬುಟ್ಟಿಗೆ ಹಾಕುವ ಬದಲು ಅವರ ಜಾಲತಾಣದಲ್ಲಿ ಅಗತ್ಯವಿಲ್ಲವೆಂದು ಘೋಷಿಸಿ. ವಿಚಾರಣೆಗೆ ಬರುವ ಅಧಿಕಾರಿಗೆ ವಾರಂಟ್ ಇಲ್ಲದೆ ಮನೆಯೊಳಗೆ ಬರುವ ಹಕ್ಕಿಲ್ಲ ಎಂಬುದೂ ತಿಳಿದಿರಲಿ.

ಇನ್ನು ಕೊಳ್ಳುವ ವಿಚಾರ. ನಮ್ಮ ಹೊಸ ಟಿವಿಗೆ ಎರಡನೆಯ ವರ್ಷ ನಡೆಯುತ್ತಿದ್ದಾಗ ಪರದೆಯ ನಡುವೆ ಒಂದು ಲಂಬ ಗೆರೆ ಕಾಣಿಸಿಕೊಂಡಿತು. ಮಾರಿದ ಅಂಗಡಿಗೆ ಫೋನ್ ಮಾಡಿದರೆ, ತಯಾರಕರ ಒಂದು ವರ್ಷದ ವಾರಂಟಿ ಮುಗಿದಿದೆ, ತಯಾರಕರನ್ನೇ ಕೇಳಿ ಎಂದರು. ಆ ಉತ್ತರವನ್ನು ನಂಬಿ ಎರಡು ತಿಂಗಳು ಸುಮ್ಮನಿದ್ದೆ. ಆಮೇಲೆ ಸಹೋದ್ಯೋಗಿಯೊಬ್ಬರು ಹೇಳಿದ ಮೇಲೆಯೇ 2015ರ ಗ್ರಾಹಕ ಹಕ್ಕುಗಳ ಕಾಯ್ದೆಯನ್ನು ಓದಿದ್ದು. ಅದರ ಪ್ರಕಾರ ನಿಮ್ಮ ಒಪ್ಪಂದ ಇರುವುದು ಅಂಗಡಿಯ ಜೊತೆ, ತಯಾರಕರ ಜೊತೆಯಲ್ಲ; ತಯಾರಕರ ವಾರಂಟಿ ಮುಗಿದರೂ ಕಾಯ್ದೆಯ ಹಕ್ಕು ಮುಗಿಯುವುದಿಲ್ಲ. ವಸ್ತುವಿನಲ್ಲಿ ದೋಷ ಕಂಡರೆ ಮೊದಲ 30 ದಿನಗಳೊಳಗೆ ಹಿಂತಿರುಗಿಸಿ ಪೂರ್ತಿ ಹಣ ಪಡೆಯಬಹುದು. ಆ ನಂತರ ದುರಸ್ತಿ ಮಾಡಲು ಅಥವಾ ಬದಲಿ ಕೊಡಲು ಅಂಗಡಿಗೆ ಒಂದು ಅವಕಾಶ ಕೊಡಬೇಕು. ಅದು ಫಲಿಸದಿದ್ದರೆ ಹಣ ಕೇಳಬಹುದು. ಮೊದಲ ಆರು ತಿಂಗಳಲ್ಲಿ ಕಾಣಿಸಿದ ದೋಷ ಮಾರುವಾಗಲೇ ಇತ್ತು ಎಂದು ಕಾನೂನು ಭಾವಿಸುತ್ತದೆ, ಅಲ್ಲವೆಂದು ಸಾಧಿಸುವ ಹೊಣೆ ಅಂಗಡಿಯದು. ಆರು ತಿಂಗಳ ಮೇಲೆ ಆ ಹೊಣೆ ನಮ್ಮದಾಗುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಆರು ವರ್ಷದವರೆಗೆ, ಸ್ಕಾಟ್ಲೆಂಡಿನಲ್ಲಿ ಐದು ವರ್ಷದವರೆಗೆ ದಾವೆ ಹೂಡಲು ಅವಕಾಶವಿದೆ. ಟಿವಿ ಆರು ವರ್ಷ ಬಾಳಲೇಬೇಕು ಎಂದು ಇದರ ಅರ್ಥವಲ್ಲ, ಕೊಟ್ಟ ಬೆಲೆಗೆ ತಕ್ಕಷ್ಟು ಕಾಲ ಬಾಳಬೇಕು ಎಂದು. ನಾನು ಸ್ವತಂತ್ರ ರಿಪೇರಿಯವರಿಂದ ಒಂದು ವರದಿ ಬರೆಸಿ, ಕಾಯ್ದೆಯ ಹೆಸರು ನಮೂದಿಸಿ ಪತ್ರ ಬರೆದ ಮೇಲೆ, ಬಳಸಿದ ಕಾಲಕ್ಕೆ ತಕ್ಕಷ್ಟು ಕಡಿತ ಮಾಡಿ ಉಳಿದ ಹಣವನ್ನು ವಾಪಸು ಕೊಟ್ಟರು.

ಆನ್‌ಲೈನಿಗಿಂತ ಅಂಗಡಿಗೆ ಹೋಗಿ ಕೊಳ್ಳುವುದೇ ಕ್ಷೇಮ ಎಂಬ ನಮ್ಮ ಭಾವನೆ ಇಲ್ಲಿ ಪೂರ್ತಿ ನಿಜವಲ್ಲ. ಆನ್‌ಲೈನಿನಲ್ಲಿ ಕೊಂಡರೆ ಟಿವಿ ಮನೆಗೆ ಬಂದ 14 ದಿನಗಳೊಳಗೆ ಯಾವ ಕಾರಣವನ್ನೂ ಕೊಡದೆ ಖರೀದಿಯನ್ನು ರದ್ದು ಮಾಡುವ ಹಕ್ಕು 2013ರ ನಿಯಮಗಳಿಂದ ಬರುತ್ತದೆ. ಅಂಗಡಿಯಲ್ಲಿ ನೋಡಿ ಕೊಂಡದ್ದಕ್ಕೆ ಆ ಹಕ್ಕಿಲ್ಲ, ಅಂಗಡಿಯವರು ತಾವಾಗಿ ಕೊಟ್ಟರಷ್ಟೇ ಉಂಟು. ಆದ್ದರಿಂದ ಅಂಗಡಿಯಲ್ಲಿ ನೋಡಿ ಬಂದು, ಅದೇ ಅಂಗಡಿಯ ಜಾಲತಾಣದಲ್ಲಿ ಕೊಳ್ಳುವುದು ಒಳ್ಳೆಯ ಕ್ರಮ. ಹಣವನ್ನು ಸಾಧ್ಯವಾದರೆ ಕ್ರೆಡಿಟ್ ಕಾರ್ಡಿನಲ್ಲಿ ಕೊಡಿ. 100 ಪೌಂಡಿಗಿಂತ ಹೆಚ್ಚು, 30,000 ಪೌಂಡಿಗಿಂತ ಹೆಚ್ಚಲ್ಲದ ವಸ್ತುವಿನ ವಿಷಯದಲ್ಲಿ 1974ರ ಗ್ರಾಹಕ ಸಾಲ ಕಾಯ್ದೆಯ 75ನೆಯ ಸೆಕ್ಷನ್ ಕಾರ್ಡ್ ಕೊಟ್ಟ ಬ್ಯಾಂಕನ್ನೂ ಅಂಗಡಿಯಷ್ಟೇ ಹೊಣೆಗಾರನನ್ನಾಗಿ ಮಾಡುತ್ತದೆ. ಅಂಗಡಿ ಮುಚ್ಚಿಹೋದರೂ ಬ್ಯಾಂಕನ್ನು ಕೇಳಬಹುದು. ಡೆಬಿಟ್ ಕಾರ್ಡಿಗೆ ಈ ರಕ್ಷಣೆ ಇಲ್ಲ. ಇಲ್ಲಿನ ಅಂಗಡಿಗಳಲ್ಲಿ ಜಾನ್ ಲೂಯಿಸ್ ಟಿವಿಗಳಿಗೆ ಐದು ವರ್ಷದ, ರಿಚರ್ ಸೌಂಡ್ಸ್ ಆರು ವರ್ಷದ ಗ್ಯಾರಂಟಿಯನ್ನು ಬೆಲೆಯಲ್ಲಿಯೇ ಸೇರಿಸಿ ಕೊಡುತ್ತ ಬಂದಿವೆ. ಕೊಳ್ಳುವ ಮಾದರಿಗೆ ಅದು ಅನ್ವಯಿಸುತ್ತದೆಯೇ ಎಂದು ಖಚಿತಪಡಿಸಿಕೊಂಡರೆ, ಬೇರೆಡೆ 20 ಪೌಂಡ್ ಅಗ್ಗವಾಗಿ ಸಿಕ್ಕರೂ ನಾನು ಇಂಥ ಗ್ಯಾರಂಟಿಯ ಕಡೆಗೇ ವಾಲುತ್ತೇನೆ. ಗಲ್ಲಾದ ಬಳಿ ಹೆಚ್ಚುವರಿ ವಾರಂಟಿ ಮಾರಲು ಬಂದರೆ ಅಲ್ಲಿಯೇ ಒಪ್ಪಿಕೊಳ್ಳುವ ಅಗತ್ಯವಿಲ್ಲ; ಲಿಖಿತ ದರವನ್ನು ಕೇಳಿ ಪಡೆದು ಮನೆಯಲ್ಲಿ ಯೋಚಿಸಬಹುದು.

ಈಗ ಟಿವಿಗೆ ಬರೋಣ. ಮಧ್ಯಮ ದರ ಎಂದು ನಾನು ಹೇಳುತ್ತಿರುವುದು 55 ಇಂಚಿಗೆ ಸುಮಾರು 450ರಿಂದ 900 ಪೌಂಡಿನ ನಡುವಿನ ಬೆಲೆಯನ್ನು. ಮನೆಯಲ್ಲಿ ಪ್ಲೇಸ್ಟೇಷನ್ 5 ಅಥವಾ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್‌ನಂಥ ಗೇಮಿಂಗ್ ಕನ್ಸೋಲ್ ಇದ್ದರೆ, ಅಥವಾ ಮಕ್ಕಳು ಸದ್ಯದಲ್ಲೇ ಕೇಳುವ ಹಾಗಿದ್ದರೆ, ಈ ಬೆಲೆಯಲ್ಲಿ ನಿರ್ಣಾಯಕವಾದುದು ಒಂದೇ ಪ್ರಶ್ನೆ: ಪರದೆ ನಿಜವಾಗಿಯೂ 120 ಹರ್ಟ್ಜ್‌ನದೇ (ಸೆಕೆಂಡಿಗೆ 120 ಸಲ ಚಿತ್ರ ಬದಲಿಸುವಂಥದ್ದೇ) ಅಥವಾ 60ರದೇ. ಇದನ್ನು ಪೆಟ್ಟಿಗೆ ನೇರವಾಗಿ ಹೇಳುವುದಿಲ್ಲ. ತಯಾರಕರು ತಮ್ಮದೇ ಚಲನೆಯ ಅಂಕಿಗಳನ್ನು ದೊಡ್ಡದಾಗಿ ಮುದ್ರಿಸುತ್ತಾರೆ; ಅವು ಪರದೆಯ ನಿಜವಾದ ವೇಗವಾಗಿರಬೇಕೆಂದಿಲ್ಲ. ಕೆಲವು 60 ಹರ್ಟ್ಜ್ ಪರದೆಗಳು ಚಿತ್ರದ ಸ್ಪಷ್ಟತೆಯನ್ನು ಇಳಿಸಿ 120ನ್ನು ತಲುಪುತ್ತವೆ, ಅದನ್ನೇ ಗೇಮಿಂಗ್ ಸೌಲಭ್ಯವೆಂದು ಬರೆದಿರುತ್ತಾರೆ. ಕನ್ಸೋಲನ್ನು ಟಿವಿಗೆ ಜೋಡಿಸುವ ಪೋರ್ಟಿನ ಬಗೆಗಿನ ‘ಎಚ್‌ಡಿಎಂಐ 2.1’ ಎಂಬ ಬರಹವೂ ಸಾಕಾಗುವುದಿಲ್ಲ, ಏಕೆಂದರೆ ಆ ಮಾನದಂಡದ ಸೌಲಭ್ಯಗಳಲ್ಲಿ ಬಹುಪಾಲು ಐಚ್ಛಿಕ. ವಿವರ ಪಟ್ಟಿಯಲ್ಲಿ ‘4ಕೆ, 120 ಹರ್ಟ್ಜ್’ ಎಂದು ಸ್ಪಷ್ಟತೆ (4ಕೆ) ಮತ್ತು ವೇಗ ಎರಡೂ ಒಟ್ಟಿಗೆ ಇರಬೇಕು, ವಿಆರ್‌ಆರ್ ಮತ್ತು ಎಎಲ್‌ಎಲ್‌ಎಂ ಎಂಬ ಹೆಸರುಗಳು ಇರಬೇಕು. ಮೊದಲನೆಯದು ಆಟದ ಚಿತ್ರಗತಿ ಏರಿಳಿದಾಗ ಪರದೆಯ ಗತಿಯನ್ನೂ ಅದಕ್ಕೆ ಹೊಂದಿಸಿ ಚಿತ್ರ ನಡುವೆ ಸೀಳಿಹೋಗದಂತೆ ನೋಡಿಕೊಳ್ಳುತ್ತದೆ. ಎರಡನೆಯದು ಕನ್ಸೋಲ್ ಹಾಕಿದ ಕೂಡಲೇ ಟಿವಿಯನ್ನು ತಾನಾಗಿ ಗೇಮ್ ಮೋಡ್‌ಗೆ ಒಯ್ಯುತ್ತದೆ, ಅದರಿಂದ ಬಟನ್ ಒತ್ತಿದ್ದಕ್ಕೂ ಪರದೆಯ ಮೇಲೆ ಕಾಣುವುದಕ್ಕೂ ನಡುವಿನ ವಿಳಂಬ ತಗ್ಗುತ್ತದೆ.

ಇದರೊಂದಿಗೆ ಪೋರ್ಟುಗಳನ್ನು ಎಣಿಸಬೇಕು. ಈ ದರದ ಅನೇಕ ಟಿವಿಗಳಲ್ಲಿ ನಾಲ್ಕು ಎಚ್‌ಡಿಎಂಐ ಪೋರ್ಟುಗಳಿದ್ದರೂ 4ಕೆ 120 ಬರುವುದು ಎರಡರಲ್ಲಿ ಮಾತ್ರ, ಆ ಎರಡರಲ್ಲಿ ಒಂದು ಸೌಂಡ್‌ಬಾರಿಗೆ ಬೇಕಾದ ಇಎಆರ್‌ಸಿ ಪೋರ್ಟು. ಸೌಂಡ್‌ಬಾರ್ ಇರುವ ಮನೆಯಲ್ಲಿ ಹೀಗೆ ಉಳಿಯುವುದು ವೇಗದ ಪೋರ್ಟು ಒಂದೇ, ಎರಡು ಕನ್ಸೋಲುಗಳಿದ್ದರೆ ಒಂದು ಸೊರಗುತ್ತದೆ. ಎಲ್‌ಜಿಯ ಸಿ ಶ್ರೇಣಿಯ ಓಎಲ್‌ಇಡಿ (ಪ್ರತಿ ಬಿಂದುವೂ ತಾನೇ ಬೆಳಗುವ ಪರದೆ) ಟಿವಿಗಳಲ್ಲಿ ನಾಲ್ಕೂ ಪೋರ್ಟುಗಳು ಸಮಾನ. ಹಿಂದಿನ ವರ್ಷದ ಮಾದರಿಯ ಬೆಲೆ ಇಳಿದಾಗ ಅದು ಈ ದರದ ಮೇಲಂಚಿಗೆ ಬರುವುದುಂಟು. ಇನ್ನೊಂದು ಎಚ್ಚರಿಕೆ: ಒಂದೇ ಮಾದರಿಯ ಹೆಸರಿನಲ್ಲಿ 55 ಇಂಚಿನದು 120 ಹರ್ಟ್ಜ್ ಆಗಿದ್ದು, 43 ಅಥವಾ 50 ಇಂಚಿನದು 60 ಹರ್ಟ್ಜ್ ಆಗಿರಬಹುದು. ಕೊಳ್ಳುವ ಅಳತೆಯ ಪೂರ್ತಿ ಮಾದರಿ ಸಂಖ್ಯೆಯನ್ನೇ ಹುಡುಕಿ ನೋಡಬೇಕು. ಗೇಮ್ ಆಡುವವರೇ ಇಲ್ಲದ ಮನೆಗೆ ಇದಾವುದೂ ಬೇಡ, ಆ ಹಣವನ್ನು ಚಿತ್ರದ ಗುಣಮಟ್ಟಕ್ಕೆ ಹಾಕುವುದು ಲೇಸು.

ಚಿತ್ರದ ಗುಣಮಟ್ಟ ಎಂದಾಗ ಕ್ಯೂಎಲ್‌ಇಡಿ ಎಂಬ ಹೆಸರಿಗೆ ಮಾರುಹೋಗಬಾರದು. ಅದು ಬಣ್ಣದ ಪದರವನ್ನು ಹೇಳುತ್ತದೆಯೇ ಹೊರತು ಹಿಂದಿನ ಬೆಳಕನ್ನು ಹೇಗೆ ನಿಯಂತ್ರಿಸುತ್ತಾರೆ ಎಂಬುದನ್ನಲ್ಲ. ಹಿಂದಿನ ಬೆಳಕಿಗೆ ಮಿನಿ ಎಲ್‌ಇಡಿ (ಬಹು ಚಿಕ್ಕ ದೀಪಗಳು) ಇದ್ದು, ಬೆಳಕಿನ ವಲಯಗಳು ಹೆಚ್ಚಿದ್ದರೆ ಕತ್ತಲ ದೃಶ್ಯಗಳಲ್ಲಿ ಕಪ್ಪು ಕಪ್ಪಾಗಿಯೇ ಕಾಣುತ್ತದೆ. ಓಎಲ್‌ಇಡಿಯಲ್ಲಿ ಕಪ್ಪು ಅತ್ಯುತ್ತಮ, ಬದಿಯಿಂದ ನೋಡಿದರೂ ಬಣ್ಣ ಮಾಸುವುದಿಲ್ಲ. ಆದರೆ ಬೇಸಿಗೆಯಲ್ಲಿ ರಾತ್ರಿ ಒಂಬತ್ತರವರೆಗೂ ಬೆಳಕಿರುವ ಈ ದೇಶದಲ್ಲಿ, ದೊಡ್ಡ ಕಿಟಕಿಯ ಎದುರಿನ ಗೋಡೆಗೆ ಪ್ರಖರವಾದ ಮಿನಿ ಎಲ್‌ಇಡಿಯೇ ಹೊಂದುತ್ತದೆ. ದಿನವಿಡೀ ಸುದ್ದಿ ವಾಹಿನಿ ಹಚ್ಚಿಡುವ ಮನೆಗೂ ನಾನು ಓಎಲ್‌ಇಡಿ ಹೇಳುವುದಿಲ್ಲ, ಕದಲದೆ ನಿಲ್ಲುವ ಲಾಂಛನ ಮತ್ತು ಸುದ್ದಿಪಟ್ಟಿ ಕಾಲಾನಂತರದಲ್ಲಿ ಪರದೆಯ ಮೇಲೆ ಅಚ್ಚೊತ್ತಬಹುದು. ಆಂಟೆನಾದಿಂದ ಉಚಿತವಾಗಿ ಬರುವ ಫ್ರೀವ್ಯೂ ಪ್ರಸಾರದಲ್ಲಿ 4ಕೆ ಇಲ್ಲ, ನಮ್ಮ ಹಳೆಯ ಚಿತ್ರಗಳು ಯೂಟ್ಯೂಬಿನಲ್ಲಿ ಸಿಗುವುದೂ ಕಡಿಮೆ ಸ್ಪಷ್ಟತೆಯಲ್ಲೇ. ಹಾಗಾಗಿ ಅಂಗಡಿಯ ಹೊಳೆಯುವ ಪ್ರದರ್ಶನ ಚಿತ್ರವನ್ನು ಬದಿಗಿಟ್ಟು, ಅಲ್ಲಿನ ಟಿವಿಯಲ್ಲಿ ಯೂಟ್ಯೂಬ್ ತೆರೆಸಿ, ನೀವು ಮನೆಯಲ್ಲಿ ನೋಡುವ ಕಪ್ಪು ಬಿಳುಪು ಕನ್ನಡ ಚಿತ್ರದ ಒಂದು ದೃಶ್ಯವನ್ನು ಹಾಕಿಸಿ ನೋಡಿ. ಕಡಿಮೆ ಸ್ಪಷ್ಟತೆಯ ಚಿತ್ರವನ್ನು ಹಿಗ್ಗಿಸುವುದರಲ್ಲಿ ಟಿವಿಗಳ ನಡುವೆ ಇರುವ ಅಂತರ ಆಗ ಕಣ್ಣಿಗೆ ಕಟ್ಟುತ್ತದೆ.

ಆ್ಯಪುಗಳ ವಿಷಯ ಚಿಕ್ಕದು, ಆದರೆ ಊರಿನಿಂದ ಅಪ್ಪ ಅಮ್ಮ ಬಂದು ಆರು ತಿಂಗಳು ಇರುವಾಗ ಅದೇ ದೊಡ್ಡದಾಗುತ್ತದೆ. ಸ್ಯಾಮ್‌ಸಂಗ್ ಟೈಜನ್ ಅನ್ನು, ಎಲ್‌ಜಿ ವೆಬ್‌ಓಎಸ್ ಅನ್ನು, ಸೋನಿ ಗೂಗಲ್ ಟಿವಿಯನ್ನು ಬಳಸುತ್ತವೆ. ಸನ್ ನೆಕ್ಸ್ಟ್, ಝೀ5 ಮೊದಲಾದ ನಿಮಗೆ ಬೇಕಾದ ಆ್ಯಪುಗಳು ಆ ವ್ಯವಸ್ಥೆಯ ಬ್ರಿಟನ್ ಆವೃತ್ತಿಯಲ್ಲಿ ಇವೆಯೇ ಎಂದು ಅಂಗಡಿಯಲ್ಲಿಯೇ ಹುಡುಕಿಸಿ ನೋಡಿ. ಇಲ್ಲದಿದ್ದರೆ ಒಂದು ಸ್ಟ್ರೀಮಿಂಗ್ ಸ್ಟಿಕ್ಕಿಗೆ ಪೋರ್ಟು ಬಿಟ್ಟುಕೊಳ್ಳಬೇಕಾಗುತ್ತದೆ. 2024ರ ಏಪ್ರಿಲ್ 29ರಿಂದ ಜಾರಿಗೆ ಬಂದ ಉತ್ಪನ್ನ ಭದ್ರತೆಯ ಕಾನೂನಿನಂತೆ, ಇಂಟರ್‌ನೆಟ್ಟಿಗೆ ಸೇರುವ ಸಾಧನಗಳಿಗೆ ಕನಿಷ್ಠ ಎಷ್ಟು ಕಾಲ ಭದ್ರತಾ ಅಪ್‌ಡೇಟ್ ಕೊಡುತ್ತೇವೆಂದು ತಯಾರಕರು ಪ್ರಕಟಿಸಲೇಬೇಕು. ಸ್ಮಾರ್ಟ್ ಟಿವಿಗಳೂ ಇದರಲ್ಲಿ ಸೇರಿವೆ. ಬೆಲೆ ಸಮನಾಗಿರುವ ಎರಡು ಟಿವಿಗಳ ನಡುವೆ ತೀರ್ಮಾನವಾಗದಿದ್ದಾಗ ನಾನು ಈ ಅವಧಿಯನ್ನು ನೋಡಿಯೇ ಆರಿಸುತ್ತೇನೆ.

ಹೊಸ ಮಾದರಿಗಳು ವಸಂತದಲ್ಲಿ ಬರುತ್ತವೆ. ಹಳೆಯವು ಆಗ ಅಗ್ಗವಾಗುತ್ತವೆ, ಮತ್ತೆ ನವೆಂಬರಿನ ಬ್ಲ್ಯಾಕ್ ಫ್ರೈಡೇ ಹೊತ್ತಿಗೆ ಬೆಲೆ ಇಳಿಯುತ್ತದೆ. ಬಾಡಿಗೆ ಮನೆಯ ಗೋಡೆಗೆ ಮೊಳೆ ಹೊಡೆಯುವ ಮುನ್ನ ಮಾಲೀಕರ ಲಿಖಿತ ಒಪ್ಪಿಗೆ ಪಡೆಯಿರಿ, ಇಲ್ಲದಿದ್ದರೆ ಬಿಡುವಾಗ ಡೆಪಾಸಿಟ್ಟಿನಲ್ಲಿ ಕಡಿತವಾಗಬಹುದು. ಮೇಜಿನ ಮೇಲೆ ಇಡುವುದಾದರೆ ಟಿವಿಯ ಎರಡು ಕಾಲುಗಳ ನಡುವಿನ ಅಂತರವನ್ನು ಅಳೆದುಕೊಳ್ಳಿ. 55 ಇಂಚಿನ ಪರದೆಯ ಅಗಲವೇ ಸುಮಾರು 122 ಸೆಂಟಿಮೀಟರ್.

ಟಿವಿ ಬಂದ ದಿನವೇ ಪೆಟ್ಟಿಗೆಯನ್ನು ಹರಿದು ಹಾಕಬೇಡಿ. ಪರದೆ ತುಂಬ ಬೂದು ಬಣ್ಣದ ಚಿತ್ರ ಹಾಕಿ ಕಲೆ, ಪಟ್ಟೆಗಳಿವೆಯೇ ನೋಡಿ. ಕನ್ಸೋಲನ್ನು ವೇಗದ ಪೋರ್ಟಿಗೆ ಅದರೊಂದಿಗೆ ಬಂದ ಕೇಬಲ್ಲಿನಲ್ಲೇ ಜೋಡಿಸಿ; ಹಲವು ಟಿವಿಗಳಲ್ಲಿ ಆ ಪೋರ್ಟಿನ ಸಂಕೇತ ಮಾದರಿಯನ್ನು (ಸಿಗ್ನಲ್ ಫಾರ್ಮ್ಯಾಟ್) ಸೆಟಿಂಗ್ಸ್‌ಗೆ ಹೋಗಿ ಕೈಯಾರೆ ಬದಲಿಸಿದರೆ ಮಾತ್ರ 120 ಹರ್ಟ್ಜ್ ತೆರೆದುಕೊಳ್ಳುತ್ತದೆ. 120 ಹರ್ಟ್ಜ್‌ನಲ್ಲಿ ನಡೆಯುವ ಒಂದು ಆಟವನ್ನು ಹಾಕಿ, ಪ್ಲೇಸ್ಟೇಷನ್ನಿನ ವಿಡಿಯೊ ಔಟ್‌ಪುಟ್ ಮಾಹಿತಿಯ ಪುಟದಲ್ಲಿ ಎಷ್ಟು ಹರ್ಟ್ಜ್ ಬರುತ್ತಿದೆ ಎಂಬುದನ್ನು ನೋಡಿ. ದೋಷ ಕಂಡರೆ ಫೋನಿನಲ್ಲಿ ಹೇಳಿ ಬಿಡದೆ, ಫೋಟೊ ಸಹಿತ ಇಮೇಲ್ ಕಳುಹಿಸಿ, ಅದು 30ನೆಯ ದಿನದೊಳಗೆ ಅಂಗಡಿಗೆ ತಲುಪಿರಲಿ.