ನಾಳೆಯೂ ಅದೇ ಬೀದಿಯಲ್ಲಿ ಸಿಗುವವರ ಸಂದರ್ಶನ

ಸಮುದಾಯ ಬಾನುಲಿಯಲ್ಲಿ ವಾರಕ್ಕೊಮ್ಮೆ ಅರ್ಧ ಗಂಟೆ ಸ್ಥಳೀಯರನ್ನು ಮಾತನಾಡಿಸುವ ಕಾರ್ಯಕ್ರಮವನ್ನು ಒಪ್ಪಿಕೊಂಡಾಗ ನನ್ನನ್ನು ಕಾಡಿದ್ದು ಒಂದೇ ಭಯ: ಕೇಳುವುದಕ್ಕೆ ಪ್ರಶ್ನೆಗಳು ಸಾಲದೆ ಹೋದರೆ? ಅದಕ್ಕೇ ಮೊದಲ ಅತಿಥಿಗಾಗಿ 22 ಪ್ರಶ್ನೆಗಳನ್ನು ಬರೆದುಕೊಂಡು ಹೋದೆ. ಅವರು ಕೈಗಡಿಯಾರ ರಿಪೇರಿ ಮಾಡುವ ಹಿರಿಯರು. ‘ಈ ಕೆಲಸ ನಿಮಗೆ ಇಷ್ಟವೇ?’ ಎಂದೆ. ‘ಹೌದು’ ಎಂದರು. ‘ಕಷ್ಟ ಎನಿಸುವುದಿಲ್ಲವೇ?’ ಎಂದೆ. ‘ಅಭ್ಯಾಸವಾಗಿದೆ’ ಎಂದರು. 11 ನಿಮಿಷಕ್ಕೆ ನನ್ನ ಪಟ್ಟಿ ಖಾಲಿಯಾಯಿತು.

ರೆಕಾರ್ಡರ್ ನಿಲ್ಲಿಸಿ ವೈರು ಸುತ್ತುತ್ತಿದ್ದೆ. ಅವರು ಮೇಜಿನ ಮೇಲಿದ್ದ ಒಂದು ಗಡಿಯಾರವನ್ನು ಎತ್ತಿ ನನ್ನ ಕಿವಿಗೆ ಹಿಡಿದು, ‘ಇದು ಕುಂಟುತ್ತಿದೆ, ಕೇಳಿಸಿತೇ?’ ಎಂದರು. ಕೀಲಿ ಕೊಡುವ ಹಳೆಯ ಗಡಿಯಾರಗಳಲ್ಲಿ ಹೆಚ್ಚಿನವು ಗಂಟೆಗೆ 18,000 ಸಲ, ಎಂದರೆ ಸೆಕೆಂಡಿಗೆ 5 ಸಲ ಮಿಡಿಯುತ್ತವೆ. ಅದನ್ನು ಎಣಿಸಲು ಯಾರಿಂದಲೂ ಆಗದು. ಆದರೆ ಲಯ ತಪ್ಪಿದ್ದು ಅವರ ಕಿವಿಗೆ ತಕ್ಷಣ ಗೊತ್ತಾಗುತ್ತಿತ್ತು. ಮತ್ತೆ ರೆಕಾರ್ಡರ್ ಹಚ್ಚಿ ಮೈಕನ್ನು ಗಡಿಯಾರದ ಹತ್ತಿರ ಹಿಡಿದೆ. ಆಮೇಲೆ 40 ನಿಮಿಷ ಅವರೇ ಮಾತನಾಡಿದರು. ನಾನು ಕೇಳಿದ ಪ್ರಶ್ನೆಗಳು ನಾಲ್ಕೋ ಐದೋ ಇರಬಹುದು.

ಆ ದಿನದಿಂದ ‘ಇಷ್ಟವೇ’, ‘ಕಷ್ಟವೇ’, ‘ಹೇಗನಿಸುತ್ತದೆ’ ಎಂದು ಶುರು ಮಾಡುವುದನ್ನು ಬಿಟ್ಟೆ. ಕೈ ಏನು ಮಾಡುತ್ತದೆ ಎಂಬುದರಿಂದ ಶುರು ಮಾಡುತ್ತೇನೆ. ಅಂಚೆ ಹಂಚುವವರನ್ನು ‘ಚೀಲದಲ್ಲಿ ಕಾಗದಗಳನ್ನು ಯಾವ ಕ್ರಮದಲ್ಲಿ ಜೋಡಿಸಿಕೊಳ್ಳುತ್ತೀರಿ?’ ಎಂದು ಕೇಳಿದೆ. ಅವರು ಮನೆಗಳನ್ನು ಒಂದೊಂದಾಗಿ ಹೇಳುತ್ತಾ ಹೋದಂತೆ, ಯಾವ ಬಾಗಿಲನ್ನು ಮೂರು ಸಲ ತಟ್ಟಬೇಕು, ಎಲ್ಲಿ ಕಾಗದ ಓದಿಯೂ ಹೇಳಬೇಕು ಎಂಬುದೆಲ್ಲ ತಾನಾಗಿ ಹೊರಬಂತು. ಮನಸ್ಸಿನ ವಿಷಯ ಕೆಲಸದ ಹಿಂದೆಯೇ ಬರುತ್ತದೆ. ನೇರವಾಗಿ ಮನಸ್ಸಿಗೇ ಕೈ ಹಾಕಿದರೆ ಮಾತು ಮುದುಡಿಕೊಳ್ಳುತ್ತದೆ.

ಪ್ರಶ್ನೆಗಳನ್ನು ಮುಂಚಿತವಾಗಿ ಬರೆದು ಕೊಡಿ ಎಂದು ಅನೇಕರು ಕೇಳುತ್ತಾರೆ. ಯಾವ ವಿಷಯಗಳ ಸುತ್ತ ಮಾತು ನಡೆಯುತ್ತದೆ, ಯಾವುದನ್ನು ನಾನು ಕೇಳುವುದಿಲ್ಲ ಎಂಬುದನ್ನು ಹೇಳುತ್ತೇನೆ. ಪ್ರಶ್ನೆಗಳನ್ನು ಮಾತ್ರ ಕೊಡುವುದಿಲ್ಲ. ಕೊಟ್ಟರೆ ಉತ್ತರವನ್ನು ಬಾಯಿಪಾಠ ಮಾಡಿಕೊಂಡು ಬರುತ್ತಾರೆ, ದನಿ ಭಾಷಣದ ದನಿಯಾಗುತ್ತದೆ. ಧ್ವನಿಮುದ್ರಣಕ್ಕೆ ಎರಡು ದಿನ ಮೊದಲು ರೆಕಾರ್ಡರ್ ಇಲ್ಲದೆ ಹೋಗಿ ಕಾಲು ಗಂಟೆ ಕುಳಿತು ಬರುತ್ತೇನೆ. ಆಗ ಒಳ್ಳೆಯ ಕಥೆಯೊಂದು ಶುರುವಾದರೆ, ‘ಇದನ್ನು ಮೈಕಿನ ಮುಂದೆ ಮೊದಲ ಸಲ ಹೇಳಿ’ ಎಂದು ತಡೆದು ಎದ್ದು ಬಿಡುತ್ತೇನೆ. ಎರಡನೆಯ ಸಲ ಹೇಳುವಾಗ ಜನ ಅದೇ ಕಥೆಯನ್ನು ಚಿಕ್ಕದು ಮಾಡಿಬಿಡುತ್ತಾರೆ. ‘ಅವತ್ತು ಹೇಳಿದೆನಲ್ಲ, ಹಾಗೆ’ ಎಂದು ಅರ್ಧಕ್ಕೇ ನಿಲ್ಲಿಸುತ್ತಾರೆ.

ದನಿಯ ವಿಷಯದಲ್ಲಿ ನಾನು ಬಹಳ ಹಟಮಾರಿ. ದೊಡ್ಡ ಸ್ಟುಡಿಯೋ ಬೇಕಿಲ್ಲ, ಆದರೆ ಕೋಣೆ ಸರಿಯಿರಬೇಕು. ಒಳಗೆ ಕಾಲಿಟ್ಟ ಕೂಡಲೇ ಒಮ್ಮೆ ಚಪ್ಪಾಳೆ ತಟ್ಟುತ್ತೇನೆ. ಗೋಡೆಗಳು ಅದನ್ನು ಮರಳಿಸಿದರೆ ಬೇರೆ ಕೋಣೆ ಹುಡುಕುತ್ತೇನೆ, ಸಿಗದಿದ್ದರೆ ಪರದೆ ಎಳೆದು ಹಾಸಿಗೆ ಹೊದಿಕೆಗಳನ್ನು ತರಿಸಿ ನೇತುಹಾಕುತ್ತೇನೆ. ಫ್ಯಾನ್ ಆರಿಸುವುದು, ಫ್ರಿಜ್ಜಿನ ಗುಂಯ್ ಸದ್ದು ಬರುತ್ತಿದೆಯೇ ನೋಡುವುದು, ಮೊಬೈಲುಗಳನ್ನು ಪಕ್ಕದ ಕೋಣೆಗೆ ಕಳಿಸುವುದು ಆಮೇಲಿನ ಕೆಲಸ. ಮೈಕು ಅತಿಥಿಯ ಬಾಯಿಂದ ಒಂದು ಗೇಣು ದೂರದಲ್ಲಿ, ನೇರ ಎದುರಿಗಲ್ಲ, ತುಸು ಓರೆಯಾಗಿ ಇರಬೇಕು. ಎದುರಿಗೇ ಇದ್ದರೆ ‘ಪ’, ‘ಭ’ ಅಕ್ಷರಗಳ ಗಾಳಿ ನೇರ ಬಡಿದು ಢಬ್ ಎನ್ನುತ್ತದೆ. ಸಾಮಾನ್ಯ ಮಾತಿನಲ್ಲಿ ರೆಕಾರ್ಡರಿನ ದನಿಮಟ್ಟದ ಸೂಚಿ ಮೈನಸ್ 12 ಡೆಸಿಬೆಲ್ ಸುತ್ತಮುತ್ತ ಆಡುವಂತೆ ಇಟ್ಟುಕೊಳ್ಳುತ್ತೇನೆ, ಏಕೆಂದರೆ ಜನ ನಕ್ಕಾಗ ದನಿ ಇದ್ದಕ್ಕಿದ್ದಂತೆ ಏರುತ್ತದೆ. ಡಿಜಿಟಲ್ ಧ್ವನಿಮುದ್ರಣದಲ್ಲಿ ಗರಿಷ್ಠ ಮಿತಿಯಾದ ಸೊನ್ನೆಯನ್ನು ದಾಟಿ ಒಡೆದ ನಗುವನ್ನು ಮತ್ತೆ ಸರಿಪಡಿಸುವುದು ಬಹುಮಟ್ಟಿಗೆ ಅಸಾಧ್ಯ. ಹೆಡ್‌ಫೋನ್ ಹಾಕಿಕೊಳ್ಳದೆ ಎಂದೂ ಮುದ್ರಿಸುವುದಿಲ್ಲ. ಎಲ್ಲ ಮುಗಿದ ಮೇಲೆ ಇಬ್ಬರೂ ಅರ್ಧ ನಿಮಿಷ ಸುಮ್ಮನೆ ಕುಳಿತು ಆ ಕೋಣೆಯ ಮೌನವನ್ನೂ ಮುದ್ರಿಸಿಕೊಳ್ಳುತ್ತೇವೆ. ಸಂಕಲನದಲ್ಲಿ ಮಾತು ಕತ್ತರಿಸಿದ ಕಡೆ ತೇಪೆ ಹಾಕಲು ಅದೇ ಬೇಕು. ಪೂರ್ಣ ನಿಶ್ಶಬ್ದವನ್ನು ಇಟ್ಟರೆ ಕೇಳುಗರಿಗೆ ಪ್ರಸಾರ ನಿಂತಿತೇನೋ ಎನಿಸುತ್ತದೆ.

ಬಾನುಲಿಯನ್ನು ಜನ ನಡುವೆ ಎಲ್ಲೋ ಹಚ್ಚುತ್ತಾರೆ ಎಂಬುದನ್ನು ಮರೆಯಬಾರದು. ಐದಾರು ನಿಮಿಷಕ್ಕೊಮ್ಮೆ ಅತಿಥಿಯ ಹೆಸರನ್ನೂ ಕೆಲಸವನ್ನೂ ಮಾತಿನೊಳಗೇ ನೇಯ್ದು ಹೇಳುತ್ತೇನೆ. ಅತಿಥಿ ‘ಇಷ್ಟು ದಪ್ಪ’ ಎಂದು ಬೆರಳು ತೋರಿಸಿದರೆ, ‘ಹೆಬ್ಬೆರಳಿನಷ್ಟೇ?’ ಎಂದು ಕೇಳುತ್ತೇನೆ.

ಇದೆಲ್ಲವನ್ನೂ ಯಾವ ಬಾನುಲಿಯವರೂ ಕಲಿಸಬಲ್ಲರು. ಸಮುದಾಯ ಬಾನುಲಿಯಲ್ಲಿ ಮಾತ್ರ ಇರುವ ಇನ್ನೊಂದು ಸಂಗತಿಯನ್ನು ನಾನು ತಡವಾಗಿ ಕಲಿತೆ. ಇಲ್ಲಿ ಅತಿಥಿ, ಕೇಳುಗ, ನಿರೂಪಕ ಮೂವರೂ ಒಂದೇ ಕಡೆಯವರು. ಬೊಲಿವಿಯಾದ ತವರದ ಗಣಿ ಕಾರ್ಮಿಕರು ಕಳೆದ ಶತಮಾನದ ನಡುಭಾಗದಲ್ಲಿ ತಮ್ಮ ಕೂಲಿಯ ಒಂದು ಪಾಲನ್ನು ಕೊಟ್ಟು ತಮ್ಮದೇ ಬಾನುಲಿ ಕೇಂದ್ರಗಳನ್ನು ನಡೆಸಿದರು. ಮೈಕಿನ ಆಚೆಗೂ ಈಚೆಗೂ ಗಣಿಯವರೇ ಇದ್ದರು. ನಮ್ಮ ಕೇಂದ್ರದಲ್ಲೂ ಹಾಗೆಯೇ. ರಾತ್ರಿ ಮಾತನಾಡಿದವರು ಬೆಳಿಗ್ಗೆ ಆ ಮಾತು ಕೇಳಿದವರ ನಡುವೆಯೇ ನಡೆದು ಹೋಗಬೇಕು.

ಅದು ನನಗೆ ಅರ್ಥವಾದದ್ದು ರಾತ್ರಿ ಪಾಳಿಯ ನರ್ಸ್ ಒಬ್ಬರ ಸಂದರ್ಶನದಿಂದ. ಅವರು ನಿಧಾನವಾಗಿ, ತಡೆತಡೆದು ಮಾತನಾಡುವವರು. ‘ಅಂದರೆ… ಏನು ಹೇಳಲಿ…’ ಎನ್ನುತ್ತಾ ವಾಕ್ಯವನ್ನು ಹುಡುಕುವವರು. ನಾನು ಆ ತಡೆಗಳನ್ನೆಲ್ಲ ತೆಗೆದು, ಮಾತನ್ನು ಬಿಗಿ ಮಾಡಿ ಹೆಮ್ಮೆಯಿಂದ ಪ್ರಸಾರ ಮಾಡಿದೆ. ಮರುದಿನ ಅವರ ನೆರೆಮನೆಯವರು ಸಿಕ್ಕಿ, ‘ಅದು ಅವರೇನಾ? ಅವರು ಹಾಗೆ ಮಾತನಾಡುವುದಿಲ್ಲವಲ್ಲ’ ಎಂದರು. ದೂರದ ಊರಿನ ಕೇಳುಗನಿಗೆ ಆ ಸಂಕಲನ ಚೆನ್ನಾಗಿಯೇ ಕೇಳಿಸುತ್ತಿತ್ತು. ಅವರನ್ನು ದಿನವೂ ಕೇಳುವವರಿಗೆ ಅದು ಸುಳ್ಳು ದನಿ. ಈಗ ದಾರಿ ತಪ್ಪಿದ ಮಾತನ್ನು ತೆಗೆಯುತ್ತೇನೆ, ಮಾತನಾಡುವ ರೀತಿಯನ್ನು ಮುಟ್ಟುವುದಿಲ್ಲ. ಮೌನಗಳನ್ನು ಬಿಡುತ್ತೇನೆ. ಮುದ್ರಿಸುವಾಗಲೂ ಉತ್ತರ ನಿಂತ ಕೂಡಲೇ ಮುಂದಿನ ಪ್ರಶ್ನೆಗೆ ಹಾರದೆ ಮನಸ್ಸಿನಲ್ಲೇ ಐದು ಎಣಿಸುತ್ತೇನೆ. ಎಷ್ಟೋ ಸಲ ಮೂರು ಎಣಿಸುವಷ್ಟರಲ್ಲಿ ಅವರೇ ಮುಂದುವರಿಸುತ್ತಾರೆ, ಆಗ ಬರುವ ಮಾತು ಮೊದಲಿನದಕ್ಕಿಂತ ನಿಜವಾಗಿರುತ್ತದೆ.

ಇನ್ನೊಬ್ಬ ಅತಿಥಿ ಮಾತಿನ ಭರದಲ್ಲಿ ಅಣ್ಣನೊಂದಿಗಿನ ಆಸ್ತಿಯ ಜಗಳವನ್ನು ಪೂರ್ತಿಯಾಗಿ ಹೇಳಿಬಿಟ್ಟರು. ಕೇಳಲು ಅದೇ ಅತ್ಯಂತ ಬಿಸಿಯಾದ ಭಾಗ. ಎರಡು ದಿನ ಬಿಟ್ಟು ಫೋನ್ ಮಾಡಿ, ‘ಅದನ್ನು ಹಾಕಬೇಡಿ, ಅಣ್ಣನ ಮಕ್ಕಳು ಕೇಳುತ್ತಾರೆ’ ಎಂದರು. ಒಪ್ಪಿಗೆ ಪತ್ರಕ್ಕೆ ಸಹಿ ಆಗಿತ್ತು, ಹಕ್ಕು ನಮ್ಮದೇ ಎಂದು ಸಹೋದ್ಯೋಗಿಗಳು ವಾದಿಸಿದರು. ನಾನು ತೆಗೆದೆ. ಮೈಕಿನ ಮುಂದೆ ಕುಳಿತವರ ಒಪ್ಪಿಗೆ ಒಂದು, ಮನೆಗೆ ಹೋಗಿ ನಿದ್ದೆ ಬಾರದೆ ಯೋಚಿಸಿದ ಮೇಲಿನ ಒಪ್ಪಿಗೆ ಇನ್ನೊಂದು. ಆದ್ದರಿಂದ ನಮ್ಮ ಕಾರ್ಯಕ್ರಮಕ್ಕೆ ಮೂರು ದಿನಗಳ ಗಡುವು ಇಟ್ಟಿದ್ದೇವೆ. ಅಷ್ಟರೊಳಗೆ ಅತಿಥಿ ತನ್ನ ಮಾತನ್ನು ಹಿಂದಕ್ಕೆ ಪಡೆಯಬಹುದು, ಕಾರಣ ಕೇಳುವುದಿಲ್ಲ. ಅಧಿಕಾರದಲ್ಲಿರುವವರು ತಮ್ಮ ಕೆಲಸದ ಬಗ್ಗೆ ಹೇಳಿದ ಮಾತಿಗೆ ಈ ಸೌಲಭ್ಯವಿಲ್ಲ. ಇದನ್ನು ಮುದ್ರಣಕ್ಕೆ ಮೊದಲೇ ಅವರಿಗೆ ತಿಳಿಸುತ್ತೇವೆ.

ಒಬ್ಬರೇ ಕುಳಿತರೆ ಬಾಯಿ ಬಿಡದವರಿಗೆ ಜೊತೆಗಾರರನ್ನು ಕರೆಸುತ್ತೇನೆ. 2003ರಲ್ಲಿ ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್ ರೈಲು ನಿಲ್ದಾಣದಲ್ಲಿ ಸ್ಟೋರಿಕಾರ್ಪ್ಸ್ ಎಂಬ ಸಂಸ್ಥೆ ಪುಟ್ಟ ಮುದ್ರಣ ಕೋಣೆಯೊಂದನ್ನು ಇಟ್ಟು, ಪರಸ್ಪರ ಬಲ್ಲ ಇಬ್ಬರನ್ನು 40 ನಿಮಿಷ ಮಾತನಾಡಿಕೊಳ್ಳಲು ಬಿಡುವ ಪದ್ಧತಿಯನ್ನು ಶುರು ಮಾಡಿತು. ಅದನ್ನೇ ಅನುಸರಿಸಿ, ಹಕ್ಕಿ ನೋಡುವ ಹುಚ್ಚಿನ ಹುಡುಗಿಯೊಬ್ಬಳ ಎದುರು ಅವಳ ಅಜ್ಜನನ್ನೇ ಕೂರಿಸಿದೆ. ನಾನು ಕೇಳಿದ್ದರೆ ಅವಳು ಹಕ್ಕಿಗಳ ಪಟ್ಟಿ ಒಪ್ಪಿಸುತ್ತಿದ್ದಳು. ಅಜ್ಜ ಕೇಳಿದ್ದು, ‘ಅಷ್ಟು ಬೇಗ ಎದ್ದು ಹೋಗುತ್ತೀಯಲ್ಲ, ಒಬ್ಬಳೇ ಭಯವಾಗುವುದಿಲ್ಲವೇ ಮಗಳೇ?’ ಎಂದು. ಅಲ್ಲಿಂದ ಮಾತು ಎಲ್ಲಿಗೋ ಹೋಯಿತು. ಅಜ್ಜ ತಾನು ಚಿಕ್ಕವನಿದ್ದಾಗ ಒಬ್ಬನೇ ನಡೆಯುತ್ತಿದ್ದ ಕತ್ತಲ ದಾರಿಯನ್ನು ನೆನೆದು ನಗತೊಡಗಿದರು, ನಗುತ್ತಲೇ ಕೆಮ್ಮಿದರು, ಮತ್ತೆ ನಕ್ಕರು. ಕಾರ್ಯಕ್ರಮದಲ್ಲಿ ಮಾತಿಗೆ ಸಿಗುವ 28 ನಿಮಿಷದಲ್ಲಿ ಹಿಡಿಸದೆ ಆ ಭಾಗವನ್ನು ಕತ್ತರಿಸಿದೆ. ಪ್ರಸಾರವಾದ ಮೇಲೆ ಜಾಗ ಸಾಲದೆಂದು ಮೂಲ ಕಡತವನ್ನೂ ಅಳಿಸಿದೆ.

ಮುಂದಿನ ವರ್ಷ ಅಜ್ಜ ತೀರಿಕೊಂಡರು. ಹುಡುಗಿ ಕೇಂದ್ರಕ್ಕೆ ಬಂದು ಆ ನಗು ಇದೆಯೇ ಎಂದು ಕೇಳಿದಳು. ಪ್ರಸಾರವಾದ ಪ್ರತಿಯನ್ನು ಕೊಟ್ಟೆ, ಅದು ತನ್ನ ಬಳಿ ಇದೆ ಎಂದಳು. ಈಗ ಪ್ರತಿಯೊಂದು ಮೂಲ ಕಡತವನ್ನೂ ಹೆಸರು, ದಿನಾಂಕ, ಜಾಗ ಬರೆದು ಎರಡು ಬೇರೆ ಡಿಸ್ಕ್‌ಗಳಲ್ಲಿ ಇಡುತ್ತೇನೆ. ಒಂದು ಕೇಂದ್ರದಲ್ಲಿರುತ್ತದೆ, ಇನ್ನೊಂದು ನನ್ನ ಮನೆಯಲ್ಲಿ. ಮೂರನೆಯ ಪ್ರತಿ ಅತಿಥಿಯ ಮನೆಗೆ, ಕತ್ತರಿಸದೆ, ಕೆಮ್ಮು ನಗು ಸಮೇತ ಹೋಗುತ್ತದೆ.