35 ಸಾವಿರ ಡಿಗ್ರಿಯ ತಪ್ಪು

ಬಾಗಲಕೋಟೆಯ ನವನಗರದಲ್ಲಿ ಪಿಯು ಮಕ್ಕಳಿಗೆ ಫಿಸಿಕ್ಸ್ ಹೇಳುವವನು ನಾನು. ಟೆಲಿಸ್ಕೋಪ್ ಇಲ್ಲ. ಇರುವುದು ಹಳೇ ಲ್ಯಾಪ್‌ಟಾಪ್, ಮತ್ತೆ ಮೇ ತಿಂಗಳ ರಜೆ. ನ್ಯೂ ಮೆಕ್ಸಿಕೋದ 2.5 ಮೀಟರ್ ದೂರದರ್ಶಕ ಹಿಡಿದ ಲಕ್ಷಗಟ್ಟಲೆ ಸ್ಪೆಕ್ಟ್ರಂಗಳನ್ನು (ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿದ ಗ್ರಾಫ್‌ಗಳನ್ನು) ಆಕಾಶದ ನಕ್ಷೆ ಮಾಡುವ ಸ್ಲೋನ್ ಸರ್ವೆಯವರು ಪುಕ್ಕಟೆ ಕೊಡ್ತಾರೆ. ಅದರಲ್ಲಿ ಒಂದು ಸೀಫರ್ಟ್ ಗೆಲಾಕ್ಸಿಯನ್ನು ಇಳಿಸಿಕೊಂಡೆ. ನಡುವೆ ದೊಡ್ಡ ಕಪ್ಪುಕುಳಿ, ಸುತ್ತ ಹೊಳೆಯುವ ಅನಿಲದ ಮೋಡ. ಕಾರ್ಲ್ ಸೀಫರ್ಟ್ 1943ರಲ್ಲಿ ಇಂಥವನ್ನೇ ಗುರುತಿಸಿದ್ದರು.

ಒಂದೊಂದು ಧಾತು ತನ್ನದೇ ಬಣ್ಣಗಳಲ್ಲಿ ಹೊಳೆಯುತ್ತೆ, ಗ್ರಾಫಿನಲ್ಲಿ ಅದೇ ‘ಗೆರೆ’. ಮೊದಲ ದಿನ ಹಸಿರು ಆಕ್ಸಿಜನ್ ಗೆರೆಯೇ ಸಿಗಲಿಲ್ಲ. 5007 ಆಂಗ್‌ಸ್ಟ್ರಾಂ (ಬೆಳಕಿನ ಅಲೆಯುದ್ದದ ಅಳತೆ) ಹತ್ತಿರ ಹುಡುಕಿದೆ, ಬಯಲು. ಆಮೇಲೆ ತಲೆಗೆ ಹೊಳೆಯಿತು: ಗೆಲಾಕ್ಸಿ ದೂರ ಸರಿಯುತ್ತಿದೆ, ಅದರ ಬೆಳಕಿನ ಅಲೆ ನೂರಕ್ಕೆ ಐದರಷ್ಟು ಹಿಗ್ಗಿದೆ, ಅಂದರೆ ರೆಡ್‌ಶಿಫ್ಟ್ 0.05. ಗೆರೆ 5257ರಲ್ಲಿ ಕೂತಿತ್ತು, ಗೋಳಗುಮ್ಮಟದ ಮಿನಾರಿನ ಹಾಗೆ ಎದ್ದು ನಿಂತು. ಪಕ್ಕದ ಹೈಡ್ರೋಜನ್ ಗೆರೆಗಿಂತ ಸುಮಾರು ಹತ್ತು ಪಟ್ಟು ಎತ್ತರ.

ಈ ಗೆರೆ ಬರಬೇಕಾದರೆ ಆಕ್ಸಿಜನ್ ಎರಡು ಎಲೆಕ್ಟ್ರಾನ್ ಕಳಕೊಂಡಿರಬೇಕು. (ಹಿಂದೆ ಇದನ್ನು ‘ನೆಬ್ಯೂಲಿಯಂ’ ಅನ್ನುವ ಹೊಸ ಧಾತು ಅಂದುಕೊಂಡಿದ್ದರು, 1927ರಲ್ಲಿ ಐರಾ ಬೋವೆನ್ ಗುಟ್ಟು ಬಿಡಿಸಿದರು.) ಎರಡನೆಯ ಎಲೆಕ್ಟ್ರಾನ್ ಕೀಳಲು 35 ಎಲೆಕ್ಟ್ರಾನ್ ವೋಲ್ಟ್ (ಕಣಗಳ ಶಕ್ತಿಯ ಅಳತೆ) ಬೇಕು. ಕಿತ್ತವರು ಯಾರು? ಎಂ.ಎಸ್ಸಿ.ಯಲ್ಲಿ ಬಿಸಿಗೆ ತಕ್ಕಂತೆ ಎಷ್ಟು ಪರಮಾಣು ಎಲೆಕ್ಟ್ರಾನ್ ಕಳಕೊಳ್ಳುತ್ತವೆ ಅಂತ ಹೇಳುವ ಮೇಘನಾದ್ ಸಾಹಾ ಅವರ 1920ರ ಸಮೀಕರಣ ಉರುಹೊಡೆದವನು ನಾನು. ನನ್ನ ಉತ್ತರ ಸಿದ್ಧವಾಗಿತ್ತು: ಬಿಸಿ. ಕಾದ ಅನಿಲದಲ್ಲಿ ಡಿಕ್ಕಿ ಜೋರು, ಎಲೆಕ್ಟ್ರಾನ್ ಹಾರಿಹೋಗುತ್ತೆ.

ಬಿಸಿ ಎಷ್ಟು ಅಂತ ಅಳೆಯಲು ಬರುತ್ತೆ. ಅದೇ ಆಕ್ಸಿಜನ್ನಿನ ಇನ್ನೊಂದು ಬಡಪಾಯಿ ಗೆರೆ 4363ರಲ್ಲಿದೆ. ಅದು ಹೊತ್ತಿಕೊಳ್ಳಲು ಡಿಕ್ಕಿ ಇನ್ನೂ ಜೋರಾಗಿರಬೇಕು. ಹಾಗಾಗಿ ದೊಡ್ಡ ಗೆರೆಗಳಿಗೂ ಇದಕ್ಕೂ ಇರುವ ಅನುಪಾತವೇ ಥರ್ಮಾಮೀಟರ್. 4959 (5007ರ ಜೋಡಿ ಗೆರೆ) ಮತ್ತು 5007 ಕೂಡಿಸಿ ಇದರಿಂದ ಭಾಗಿಸಿದೆ. 20 ಬಂತು. ಅಂದರೆ 35 ಸಾವಿರ ಕೆಲ್ವಿನ್. ‘ನೋಡಿದ್ರಾ, ಬಿಸಿನೇ’ ಅಂತ ಸ್ಟಾಫ್‌ರೂಮಿನಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದೆ.

ನಾಲ್ಕು ದಿನ ಬಿಟ್ಟು ಗ್ರಾಫ್ ಹಿಗ್ಗಿಸಿ ನೋಡಿದೆ. 4363ರ ಎಡಗಡೆ, 23 ಆಂಗ್‌ಸ್ಟ್ರಾಂ ದೂರದಲ್ಲಿ, 4340ರ ಹೈಡ್ರೋಜನ್ ಗೆರೆ ಇದೆ. ಎರಡರ ಬುಡ ಕೂಡಿಕೊಂಡಿತ್ತು. ನನ್ನ ಪೈಥಾನ್ ಪ್ರೋಗ್ರಾಂ ಬೆಳಕು ಕೂಡಿಸುವ ಕಿಟಕಿ ಅಗಲವಾಗಿತ್ತು. ಹೈಡ್ರೋಜನ್ ಬೆಳಕನ್ನೆಲ್ಲ ಆಕ್ಸಿಜನ್ ಖಾತೆಗೆ ಜಮಾ ಮಾಡಿಬಿಟ್ಟಿದ್ದೆ! ಎರಡು ಗುಡ್ಡಗಳನ್ನು ಬೇರೆಬೇರೆ ಗಾಸಿಯನ್ (ಗಂಟೆಯಾಕಾರದ ರೇಖೆ) ಹಾಕಿ ಬಿಡಿಸಿದಾಗ ಅನುಪಾತ 70 ಆಯಿತು. ಬರೀ 15 ಸಾವಿರ ಕೆಲ್ವಿನ್.

ಆ ಬಿಸಿಯಲ್ಲಿ ಎಲೆಕ್ಟ್ರಾನಿನ ಸರಾಸರಿ ಶಕ್ತಿ 2 ಎಲೆಕ್ಟ್ರಾನ್ ವೋಲ್ಟೂ ಮುಟ್ಟಲ್ಲ. 35 ಎಲ್ಲಿಂದ ಬರಬೇಕು? ಬರೀ ಡಿಕ್ಕಿಯಿಂದಲೇ ಆಕ್ಸಿಜನ್ ಇಷ್ಟು ಬೆತ್ತಲಾಗಬೇಕಾದರೆ ಲಕ್ಷ ಡಿಗ್ರಿ ಹತ್ತಿರ ಬೇಕು. ಆಗ ನನ್ನ ಅನುಪಾತ 11ರ ಆಸುಪಾಸು ಇರಬೇಕಿತ್ತು.

ಕಿತ್ತಿದ್ದು ಬೆಳಕು. ಕಪ್ಪುಕುಳಿಗೆ ಸುತ್ತುತ್ತಾ ಬೀಳುವ ಅನಿಲದ ತಟ್ಟೆಯಿಂದ ನೇರಳಾತೀತ ಕಿರಣ, ಎಕ್ಸ್‌ರೇ ಹೊರಡುತ್ತವೆ. ಒಂದೊಂದು ಫೋಟಾನ್ (ಬೆಳಕಿನ ಕಣ) ಬಂದು ಒಂದೊಂದು ಎಲೆಕ್ಟ್ರಾನ್ ಕೀಳುತ್ತೆ. ನಮ್ಮ ಮಾಳಿಗೆ ಮೇಲಿನ ಸೋಲಾರ್ ಪ್ಯಾನೆಲ್ಲಿನಲ್ಲೂ ಎಲೆಕ್ಟ್ರಾನ್ ಬಿಡಿಸುವುದು ಬೆಳಕೇ. ಪ್ಯಾನೆಲ್ ಕಾದು ಸುಡುವಂತಾದರೆ ಕರೆಂಟ್ ಹೆಚ್ಚೇನೂ ಏರಲ್ಲ, ವೋಲ್ಟೇಜ್ ಬೀಳುತ್ತೆ ಅಷ್ಟೇ. ಎಳೆಯ ನಕ್ಷತ್ರಗಳ ಕೆಲಸ ಇರಬಹುದಾ ಅಂತಲೂ ನೋಡಿದೆ. ಆದರೆ 4686ರ ಹೀಲಿಯಂ ಗೆರೆ ಸಣ್ಣಗೆ ಇತ್ತು. ಅದಕ್ಕೆ 54 ಎಲೆಕ್ಟ್ರಾನ್ ವೋಲ್ಟಿನ ಫೋಟಾನ್ ಬೇಕು; ಸಾಮಾನ್ಯ ನಕ್ಷತ್ರದ ಕೈಲಿ ಆಗುವ ಮಾತಲ್ಲ.

ಇಷ್ಟು ಬೆಳಕು ತಿಂದೂ ಮೋಡ ಯಾಕೆ ಇನ್ನೂ ಕಾಯಲಿಲ್ಲ? ಇದು ನನಗೆ ಬಹಳ ಇಷ್ಟವಾದ ಭಾಗ. ಬೇಸಿಗೆಯಲ್ಲಿ ಮಣ್ಣಿನ ಹರವಿ ಬೆವತು ನೀರು ತಣ್ಣಗಿಡುತ್ತದಲ್ವಾ, ಹಾಗೆ. ಬಿಡುಗಡೆಯಾದ ಎಲೆಕ್ಟ್ರಾನ್ ಆಕ್ಸಿಜನ್ನಿಗೆ ಗುದ್ದುತ್ತೆ, ಆಕ್ಸಿಜನ್ ಆ ಶಕ್ತಿಯನ್ನು ಹಸಿರು ಬೆಳಕಾಗಿ ಹೊರಗೆ ಬಿಡುತ್ತೆ, ಬೆಳಕು ಮೋಡ ದಾಟಿ ಹೋಗಿಬಿಡುತ್ತೆ. ನಾನು ಎರಡು ವಾರ ಕೂತು ಅಳೆದದ್ದು ಆ ಮೋಡದ ಬೆವರು.

ಕಾಲೇಜು ಶುರುವಾದ ಮೇಲೆ ಮಕ್ಕಳಿಗೆ ತೋರಿಸಿದೆ. ಹಿಂದಿನ ಬೆಂಚಿನ ಹುಡುಗಿ ಕೇಳಿದಳು, ‘ಸರ್, ನಡುವಿನ ದೀಪ ಆರಿದ್ರೆ ಮೋಡ ಕೂಡಲೇ ಕತ್ತಲಾಗುತ್ತಾ?’ ಬೋರ್ಡಿನ ಮೇಲೆ ಲೆಕ್ಕ ಹಾಕಿದೆವು. ಘನ ಸೆಂಟಿಮೀಟರಿಗೆ ಸಾವಿರ ಎಲೆಕ್ಟ್ರಾನ್ ಇದ್ದರೆ ಹೈಡ್ರೋಜನ್ ಮತ್ತೆ ಕೂಡಿಕೊಳ್ಳಲು ನೂರಿನ್ನೂರು ವರ್ಷ. ಮೋಡ ದೂರವಿದ್ದರೆ ಹಳೇ ಬೆಳಕು ಬರುತ್ತಲೇ ಇರುತ್ತೆ. ಐಸಿ 2497 ಗೆಲಾಕ್ಸಿಯ ಪಕ್ಕದಲ್ಲಿ ಅಂಥ ಮೋಡವೊಂದಿದೆ: ದೀಪ ಮಂಕಾಗಿದೆ, ಮೋಡ ಇನ್ನೂ ಹೊಳೀತಿದೆ. 2007ರಲ್ಲಿ ಅದನ್ನು ಮೊದಲು ಗಮನಿಸಿದ್ದು ಹ್ಯಾನಿ ವಾನ್ ಆರ್ಕೆಲ್, ನೆದರ್‌ಲೆಂಡ್ಸಿನ ಶಾಲಾ ಟೀಚರ್. ಗಂಟೆ ಹೊಡೆದರೂ ಆ ಹುಡುಗಿ ಎದ್ದಿರಲಿಲ್ಲ, ಲ್ಯಾಪ್‌ಟಾಪ್ ತನ್ನ ಕಡೆ ತಿರುಗಿಸಿಕೊಂಡು ಗೆರೆ ಎಣಿಸುತ್ತಿದ್ದಳು.